ಮನೆ ತಪಾಸಣೆ ಮತ್ತು ಮನೆ ಖಾತರಿ: ಇತಿಹಾಸ

ಮಾರಾಟಕ್ಕಿರುವ ಮನೆಯ ಸ್ಥಿತಿಗತಿಯನ್ನು ತಜ್ಞರು ಪರೀಕ್ಷಿಸಿ ಲಿಖಿತ ವರದಿ ಕೊಡುವ ಕೆಲಸವೇ ಮನೆ ತಪಾಸಣೆ. ಮಾರಾಟವಾದ ಮೇಲೆ ಗೊತ್ತಾದ ಅವಧಿಯೊಳಗೆ ತಲೆದೋರುವ ದೋಷವನ್ನು ಸರಿಪಡಿಸಿಕೊಡುತ್ತೇವೆಂಬ ಕರಾರು ಮನೆ ಖಾತರಿ. ಅಮೆರಿಕದಲ್ಲಿ ಇವೆರಡೂ ಸಂಘಟಿತ ರೂಪ ಪಡೆದದ್ದು 1970ರ ದಶಕದಲ್ಲಿ. ಮನೆಯ ಒಳಗುಟ್ಟು ಬಲ್ಲವರು ಮಾರುವವರು. ಜೀವಮಾನದ ಉಳಿತಾಯ ಸುರಿಯುವವರು ಕೊಳ್ಳುವವರು. ಮರೆಯಲ್ಲಿರುವ ದೋಷದ ನಷ್ಟ ಇವರಲ್ಲಿ ಯಾರ ತಲೆಗೆ ಬೀಳಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೇ ಈ ವಿಷಯದ ಇತಿಹಾಸ.

ಹಿನ್ನೆಲೆ

ಕಟ್ಟಿದವನೇ ಹೊಣೆ ಎಂಬ ತತ್ತ್ವ ಬಹಳ ಹಳೆಯದು. ಕ್ರಿ.ಪೂ. 18ನೆಯ ಶತಮಾನದ ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನದಂತೆ, ಗೋಡೆ ಭದ್ರವಾಗಿಲ್ಲದಿದ್ದರೆ ಕಟ್ಟಿದವನು ತನ್ನ ಖರ್ಚಿನಲ್ಲೇ ಅದನ್ನು ಗಟ್ಟಿ ಮಾಡಿಕೊಡಬೇಕಿತ್ತು. ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಫ್ರಾನ್ಸಿನ 1804ರ ನಾಗರಿಕ ಸಂಹಿತೆ ಕಟ್ಟಡದ ಭದ್ರತೆಗೆ ವಾಸ್ತುಶಿಲ್ಪಿ ಮತ್ತು ಗುತ್ತಿಗೆದಾರರನ್ನು ಹತ್ತು ವರ್ಷಗಳ ಕಾಲ ಹೊಣೆ ಮಾಡಿತು. ಅಲ್ಲಿನ 1978ರ ಕಾನೂನು ಈ ಹೊಣೆಗೆ ವಿಮೆಯನ್ನೂ ಕಡ್ಡಾಯಗೊಳಿಸಿತು.

ಇಂಗ್ಲೆಂಡಿನ ಕಾನೂನು ಪರಂಪರೆ ಬೇರೆ ದಾರಿ ಹಿಡಿಯಿತು. ನೋಡಿಕೊಂಡು ಕೊಳ್ಳುವುದು ಕೊಳ್ಳುವವನ ಕೆಲಸ. ಮಾರುವವನು ಸುಳ್ಳು ಹೇಳಬಾರದು, ಆದರೆ ಬಾಯಿ ಬಿಡದೆ ಸುಮ್ಮನಿದ್ದರೆ ತಪ್ಪಿಲ್ಲ. ಅಮೆರಿಕದ ರಾಜ್ಯಗಳೂ ಬಹುಕಾಲ ಇದನ್ನೇ ಪಾಲಿಸಿದವು. ಊರಿನ ಬಡಗಿ, ಗಾರೆಯವರು ಎಲ್ಲರಿಗೂ ಗೊತ್ತಿರುವವರೇ ಆಗಿದ್ದ ಕಾಲಕ್ಕೆ ಈ ನಿಯಮ ಹೇಗೋ ಹೊಂದುತ್ತಿತ್ತು. ಎರಡನೆಯ ಮಹಾಯುದ್ಧದ ಬಳಿಕ ಕಂಪನಿಗಳು ಸಾವಿರಗಟ್ಟಲೆ ಮನೆಗಳನ್ನು ಒಂದೇ ಅಚ್ಚಿನಲ್ಲಿ ಕಟ್ಟಿ ಮಾರತೊಡಗಿದಾಗ ಅದರ ಅನ್ಯಾಯ ಎದ್ದು ಕಂಡಿತು.

ನ್ಯಾಯಾಲಯಗಳು ತಂದ ಬದಲಾವಣೆ

ಹೊಸ ಮನೆಗಳ ವಿಚಾರದಲ್ಲಿ ಎರಡು ತೀರ್ಪುಗಳು ಮುಖ್ಯ. ಬಿಸಿನೀರಿನ ಕೊಳಾಯಿಯಿಂದ ಮಗುವೊಂದು ಸುಟ್ಟುಕೊಂಡ ಪ್ರಕರಣದಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್, ಸಾವಿರಗಟ್ಟಲೆ ಮನೆಗಳನ್ನು ಕಟ್ಟಿ ಮಾರುವ ಕಂಪನಿಯೂ ಇತರ ಸರಕು ತಯಾರಕರಷ್ಟೇ ಹೊಣೆ ಹೊರಬೇಕೆಂದು 1965ರಲ್ಲಿ ಹೇಳಿತು. ಟೆಕ್ಸಾಸ್‌ನ ಹೊಸ ಮನೆಯೊಂದರಲ್ಲಿ ಅಗ್ಗಿಷ್ಟಿಕೆಯನ್ನು ಮೊದಲ ಸಲ ಹೊತ್ತಿಸಿದಾಗಲೇ ಮನೆಗೆ ಬೆಂಕಿ ಹತ್ತಿಕೊಂಡಿತು. ಕಟ್ಟಿ ಮಾರುವವನು ಬರವಣಿಗೆಯಲ್ಲಿ ಕೊಡದಿದ್ದರೂ ಮನೆ ವಾಸಯೋಗ್ಯವೆಂಬ ಖಾತರಿ ಮಾರಾಟದಲ್ಲೇ ಅಡಗಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1968ರಲ್ಲಿ ತೀರ್ಪಿತ್ತಿತು.

ಹಳೆಯ ಮನೆಗಳ ಮರುಮಾರಾಟದಲ್ಲಿ ಬದಲಾವಣೆ ನಿಧಾನವಾಗಿ ಬಂತು. ಗೆದ್ದಲು ಹಿಡಿದದ್ದನ್ನು ಮುಚ್ಚಿಟ್ಟು ಮಾರಿದ್ದು ತಪ್ಪೆಂದು ವಾಷಿಂಗ್ಟನ್ ರಾಜ್ಯದ ನ್ಯಾಯಾಲಯ 1960ರಲ್ಲಿ ಹೇಳಿತ್ತು. ಫ್ಲಾರಿಡಾದ ‘ಜಾನ್ಸನ್ ವಿರುದ್ಧ ಡೇವಿಸ್’ ಪ್ರಕರಣ ಇನ್ನೂ ಸ್ಪಷ್ಟ. 1982ರಲ್ಲಿ ಮೂರು ವರ್ಷ ಹಳೆಯದಾದ ಮನೆಗೆ ಮುಂಗಡ ಕೊಟ್ಟ ದಂಪತಿಗೆ ಕಿಟಕಿಯ ಮೂಲೆಯಲ್ಲಿ ಉಬ್ಬಿ ಉದುರುತ್ತಿದ್ದ ಗಿಲಾವು, ಚಾವಣಿಯ ಕಲೆ ಕಣ್ಣಿಗೆ ಬಿತ್ತು. ಕಿಟಕಿಯದು ಎಂದೋ ಸರಿಯಾದ ಸಣ್ಣ ತೊಂದರೆ, ಚಾವಣಿಯ ಕಲೆಗೆ ಗೋಡೆಕಾಗದದ ಅಂಟು ಕಾರಣ ಎಂದು ಮಾರುವವರು ಸಮಾಧಾನ ಹೇಳಿದರು. ಕೆಲವೇ ದಿನಗಳಲ್ಲಿ ಸುರಿದ ಮಳೆಗೆ ನೀರು ಕಿಟಕಿಯ ಸುತ್ತ, ದೀಪದ ಬುಡದಿಂದ ಒಳಗೆ ಧುಮುಕಿತು. ಮನೆಯ ಬೆಲೆಯನ್ನು ಬಾಧಿಸುವಂಥ, ಕೊಳ್ಳುವವರ ಕಣ್ಣಿಗೆ ಸುಲಭವಾಗಿ ಬೀಳದ ದೋಷ ಗೊತ್ತಿದ್ದರೆ ಮಾರುವವರು ಹೇಳಲೇಬೇಕು ಎಂದು ಫ್ಲಾರಿಡಾ ಸುಪ್ರೀಂ ಕೋರ್ಟ್ 1985ರಲ್ಲಿ ವಿಧಿಸಿತು.

ಕ್ಯಾಲಿಫೋರ್ನಿಯಾದ ‘ಈಸ್ಟನ್ ವಿರುದ್ಧ ಸ್ಟ್ರಾಸ್‌ಬರ್ಗರ್’ ತೀರ್ಪು (1984) ಮಧ್ಯವರ್ತಿಗಳನ್ನೂ ಹೊಣೆಗೆ ಎಳೆಯಿತು. 1,70,000 ಡಾಲರಿಗೆ ಮಾರಾಟವಾದ ಆ ಮನೆ, ಸರಿಯಾಗಿ ಗಟ್ಟಿ ಮಾಡದೆ ತುಂಬಿದ ಮಣ್ಣಿನ ಮೇಲಿತ್ತು; ನೆಲ ಜಾರಿ ಕಟ್ಟಡ ಹಾಳಾಯಿತು. ಇಳಿಜಾರಿಗೆ ಹಾಸಿದ್ದ ಬಲೆ, ಏರುಪೇರಾದ ನೆಲ ಮುಂತಾದ ಸುಳಿವುಗಳು ಮೊದಲೇ ಇದ್ದವು. ಮನೆಯನ್ನು ಕಣ್ಣಾರೆ ಪರಿಶೀಲಿಸಿ ಕಂಡದ್ದನ್ನು ತಿಳಿಸುವುದು ಮಧ್ಯವರ್ತಿಯ ಕರ್ತವ್ಯ ಎಂದಿತು ನ್ಯಾಯಾಲಯ. ಮಾರುವವರು ದೋಷಗಳನ್ನು ನಮೂದಿಸಿ ಕೊಡಬೇಕಾದ ನಮೂನೆ ಆ ರಾಜ್ಯದಲ್ಲಿ 1987ರಿಂದ ಜಾರಿಗೆ ಬಂತು. ಹೊಣೆಯ ಭಯ ಹೆಚ್ಚಿದಂತೆ ಮಧ್ಯವರ್ತಿಗಳೇ ಸ್ವತಂತ್ರ ತಪಾಸಣೆಗೆ ಒತ್ತಾಯಿಸತೊಡಗಿದರು.

ತಪಾಸಣೆ ವೃತ್ತಿ

ಅಮೆರಿಕನ್ ಸೊಸೈಟಿ ಆಫ್ ಹೋಮ್ ಇನ್‌ಸ್ಪೆಕ್ಟರ್ಸ್ 1976ರಲ್ಲಿ ಸ್ಥಾಪನೆಯಾಯಿತು. ಏನನ್ನು ನೋಡಬೇಕು, ವರದಿಯಲ್ಲಿ ಏನಿರಬೇಕು ಎಂಬ ಮಾನದಂಡವನ್ನೂ ನೀತಿಸಂಹಿತೆಯನ್ನೂ ಅದು ರೂಪಿಸಿತು. ತಪಾಸಕ ತಾನು ತಪಾಸಣೆ ಮಾಡಿದ ಮನೆಯ ದುರಸ್ತಿಯನ್ನು ಒಂದು ವರ್ಷ ಹಣಕ್ಕಾಗಿ ಮಾಡಿಕೊಡಬಾರದು ಎಂಬುದು ಅದರ ಬಲವಾದ ನಿಯಮ. ತಪ್ಪು ಹುಡುಕುವವನಿಗೇ ರಿಪೇರಿಯ ಲಾಭ ಸಿಗುವಂತಿದ್ದರೆ ವರದಿಯನ್ನು ನಂಬುವವರಾರು? 

ತಪಾಸಕರು ತಳಪಾಯದ ಬಿರುಕು, ಚಾವಣಿ, ವಿದ್ಯುತ್ ಫಲಕ, ಕೊಳಾಯಿ, ಮನೆ ಬೆಚ್ಚಗಿಡುವ ಹಾಗೂ ತಂಪುಗೊಳಿಸುವ ಯಂತ್ರಗಳು, ತೇವದ ಗುರುತು ಇವೆಲ್ಲವನ್ನೂ ನೋಡುತ್ತಾರೆ. ಆದರೆ ಗೋಡೆ ಒಡೆಯುವುದಿಲ್ಲ. ಕಣ್ಣಿಗೆ ಕಾಣುವ, ಕೈಗೆ ಎಟಕುವ ಭಾಗಗಳಿಗಷ್ಟೇ ಪರೀಕ್ಷೆ ಸೀಮಿತ. ಒಪ್ಪಂದದಲ್ಲಿ ತಪಾಸಣೆಯ ಷರತ್ತು ಇದ್ದರೆ ವರದಿಯ ಆಧಾರದ ಮೇಲೆ ಬೆಲೆ ಇಳಿಸಲು ಕೇಳಬಹುದು. ಷರತ್ತು ಅವಕಾಶ ಕೊಟ್ಟರೆ ಮುಂಗಡ ವಾಪಸು ಪಡೆದು ಹಿಂದೆ ಸರಿಯಲೂಬಹುದು.

ಹೊಸ ಅಪಾಯಗಳು ಗೊತ್ತಾದಂತೆ ತಪಾಸಣೆಯ ಪಟ್ಟಿಯೂ ಬೆಳೆಯಿತು. 1965ರಿಂದ 1973ರವರೆಗಿನ ಅನೇಕ ಮನೆಗಳಿಗೆ ಹಾಕಿದ್ದ ಅಲ್ಯುಮಿನಿಯಂ ತಂತಿಯ ಜೋಡಣೆಗಳು ಕಾದು ಬೆಂಕಿಗೆ ಕಾರಣವಾಗುತ್ತಿದ್ದವು. 1984ರಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದ ಎಂಜಿನಿಯರ್ ಒಬ್ಬರಿಂದಾಗಿ ವಿಕಿರಣದ ಎಚ್ಚರಿಕೆ ಗಂಟೆ ಪದೇ ಪದೇ ಬಾರಿಸುತ್ತಿತ್ತು. ಹುಡುಕಿದಾಗ ವಿಕಿರಣದ ಮೂಲ ಸ್ಥಾವರವಲ್ಲ, ನೆಲದಡಿಯಿಂದ ಅವರ ಮನೆಯೊಳಗೆ ತುಂಬಿಕೊಂಡಿದ್ದ ರೇಡಾನ್ ಅನಿಲ ಎಂದು ತಿಳಿಯಿತು. ಅಲ್ಲಿಂದ ಮುಂದೆ ರೇಡಾನ್ ಪರೀಕ್ಷೆ ಮನೆ ಖರೀದಿಯ ಭಾಗವಾಯಿತು. 1992ರ ಕೇಂದ್ರ ಕಾನೂನು, 1978ಕ್ಕೆ ಮುಂಚಿನ ಮನೆಗಳಲ್ಲಿ ಸೀಸದ ಬಣ್ಣದ ಪರೀಕ್ಷೆಗೆ ಕೊಳ್ಳುವವರಿಗೆ ಹತ್ತು ದಿನಗಳ ಅವಕಾಶ ಕೊಟ್ಟಿತು.

1985ರಲ್ಲಿ ಟೆಕ್ಸಾಸ್ ಈ ವೃತ್ತಿಯನ್ನು ಕಾನೂನಿನ ಹಿಡಿತಕ್ಕೆ ತಂದಿತು. ಬೇರೆ ಹಲವು ರಾಜ್ಯಗಳು ಹಿಂಬಾಲಿಸಿದವು. ಕ್ಯಾಲಿಫೋರ್ನಿಯಾ ಇಂದಿಗೂ ಪರವಾನಗಿ ಕಡ್ಡಾಯ ಮಾಡಿಲ್ಲ.

ಖಾತರಿಗಳ ಬೆಳವಣಿಗೆ

ಕಟ್ಟುವವರ ಖಾತರಿಗೆ ಮಾದರಿ ಹಾಕಿದ್ದು ಬ್ರಿಟನ್. ಅಲ್ಲಿ 1936ರಲ್ಲಿ ಸ್ಥಾಪನೆಯಾದ ಗೃಹನಿರ್ಮಾಪಕರ ನೋಂದಣಿ ಮಂಡಳಿ, ಮುಂದೆ ಹತ್ತು ವರ್ಷಗಳ ಖಾತರಿಯನ್ನು ರೂಢಿಗೆ ತಂದಿತು. ಅಮೆರಿಕದ ಗೃಹನಿರ್ಮಾಪಕರ ರಾಷ್ಟ್ರೀಯ ಸಂಘ 1974ರಲ್ಲಿ ಇಂಥದೇ ಯೋಜನೆ ಆರಂಭಿಸಿತು. ಕೆಲಸದ ಗುಣಮಟ್ಟಕ್ಕೆ ಒಂದು ವರ್ಷ, ವಿದ್ಯುತ್-ಕೊಳಾಯಿ ವ್ಯವಸ್ಥೆಗೆ ಎರಡು ವರ್ಷ, ಕಟ್ಟಡದ ದೊಡ್ಡ ದೋಷಕ್ಕೆ ಹತ್ತು ವರ್ಷ ಎಂಬ ವಿಂಗಡಣೆ ಹೀಗೆ ನೆಲೆಯೂರಿತು. 1994ರಲ್ಲಿ ಆ ಯೋಜನೆಯನ್ನು ನಡೆಸುತ್ತಿದ್ದ ಸಂಸ್ಥೆಯೇ ಆರ್ಥಿಕವಾಗಿ ಕುಸಿದು ವರ್ಜೀನಿಯಾದ ವಿಮಾ ನಿಯಂತ್ರಕರ ವಶಕ್ಕೆ ಹೋಯಿತು. ಖಾತರಿ ಕೊಟ್ಟವರು ಗಟ್ಟಿಯಾಗಿದ್ದರಷ್ಟೇ ಖಾತರಿಗೆ ಬೆಲೆ ಎಂಬುದನ್ನು ಅದು ಮನದಟ್ಟು ಮಾಡಿಸಿತು.

ಹಳೆಯ ಮನೆಗಳಿಗೆ ಬಂದದ್ದು ಇನ್ನೊಂದು ಬಗೆ. 1971ರಲ್ಲಿ ಆರಂಭವಾದ ಅಮೆರಿಕನ್ ಹೋಮ್ ಶೀಲ್ಡ್ ಇದರ ಪ್ರವರ್ತಕ ಕಂಪನಿಗಳಲ್ಲೊಂದು. ಸಾಮಾನ್ಯವಾಗಿ ಒಂದು ವರ್ಷದ ಈ ಕರಾರಿನಲ್ಲಿ ನೀರು ಕಾಯಿಸುವ, ಮನೆ ಬೆಚ್ಚಗಿಡುವ, ತಂಪುಗೊಳಿಸುವ ಯಂತ್ರಗಳು ಸವೆದು ಕೆಟ್ಟರೆ ಕಂಪನಿ ರಿಪೇರಿ ಮಾಡಿಸುತ್ತದೆ. ಪ್ರತಿ ಭೇಟಿಗೂ ಮನೆಯವರು ನಿಗದಿತ ಶುಲ್ಕ ಕೊಡಬೇಕು. ಮನೆ ಬೇಗ ಮಾರಾಟವಾಗಲೆಂದು ಮಾರುವವರೇ ಇದನ್ನು ಕೊಂಡು ಕೊಡುವುದುಂಟು. ಮೊದಲೇ ಇದ್ದ ದೋಷ, ನಿರ್ವಹಣೆಯ ಕೊರತೆ ಎಂದು ಕಂಪನಿ ರಿಪೇರಿ ನಿರಾಕರಿಸುವುದೇ ಹೆಚ್ಚಿನ ಜಗಳಗಳ ಮೂಲ. ಖರೀದಿಯ ವೇಳೆ ಯಂತ್ರ ಸರಿಯಾಗಿತ್ತೆಂದು ತೋರಿಸಲು ಆಗ ನೆರವಿಗೆ ಬರುವುದು ತಪಾಸಣಾ ವರದಿ. ಹೀಗಾಗಿ ಒಂದು ಇದೆಯೆಂದು ಇನ್ನೊಂದನ್ನು ಬಿಡುವುದು ತರವಲ್ಲ.

ಇತ್ತೀಚಿನ ಬೆಳವಣಿಗೆ

2020-21ರ ಪೈಪೋಟಿಯ ಮಾರುಕಟ್ಟೆಯಲ್ಲಿ ಅಮೆರಿಕದ ಅನೇಕರು ಮನೆ ಕೈತಪ್ಪೀತೆಂಬ ಭಯಕ್ಕೆ ತಪಾಸಣೆಯ ಹಕ್ಕನ್ನೇ ಬಿಟ್ಟುಕೊಟ್ಟರು. ತಪಾಸಣೆ ಬೇಡವೆನ್ನುವವರಿಗಷ್ಟೇ ಮಾರುತ್ತೇನೆಂದು ಷರತ್ತು ಹಾಕುವುದನ್ನು ಮಸಾಚುಸೆಟ್ಸ್ 2025ರ ಅಕ್ಟೋಬರ್‌ನಿಂದ ನಿಷೇಧಿಸಿತು. ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರ್‌ನಿಂದ ಮಾರುವವರೇ ಮನೆಯ ಸ್ಥಿತಿಯ ವರದಿ ಸಿದ್ಧಪಡಿಸಿಕೊಡಬೇಕು.

ಭಾರತದಲ್ಲಿ

1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೆಯ ಕಲಮು, ತಮಗೆ ತಿಳಿದಿದ್ದು ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕೆನ್ನುತ್ತದೆ. ಫ್ಲಾರಿಡಾ ತೀರ್ಪಿಗಿಂತ ನೂರು ವರ್ಷ ಮೊದಲೇ ನಮ್ಮಲ್ಲಿ ಈ ನಿಯಮ ಇತ್ತು. ಆದರೆ ಇದಕ್ಕೆ ವಿರುದ್ಧವಾದ ಕರಾರು ಇಲ್ಲದಿದ್ದರೆ ಮಾತ್ರ ಅದು ಅನ್ವಯ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆಯ, ಅಂದರೆ ರೇರಾದ, 14(3)ನೆಯ ಕಲಮಿನಂತೆ, ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ರಚನೆಯ ಅಥವಾ ಕೆಲಸದ ದೋಷ ಗಮನಕ್ಕೆ ತಂದರೆ ನಿರ್ಮಾಪಕರು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಕರ್ನಾಟಕದಲ್ಲಿ ಈ ದೂರುಗಳನ್ನು ಕರ್ನಾಟಕ ರೇರಾ ಪ್ರಾಧಿಕಾರ ಆಲಿಸುತ್ತದೆ. ಬೆಂಗಳೂರಿನಲ್ಲಿ ಫ್ಲಾಟು ಪಡೆಯುವ ಮುನ್ನ ಖಾಸಗಿ ತಪಾಸಕರನ್ನು ಕರೆಸುವ ರೂಢಿ ಬೆಳೆಯುತ್ತಿದೆ. ಈ ವೃತ್ತಿಗೆ ದೇಶದಲ್ಲಿ ಪ್ರತ್ಯೇಕ ಪರವಾನಗಿ ವ್ಯವಸ್ಥೆಯಿಲ್ಲ. ಹಳೆಯ ಮನೆಗೆ ರೇರಾದ ಹೊಸ ಖಾತರಿ ಸಿಗುವುದಿಲ್ಲ. ಬ್ಯಾಂಕುಗಳಂತೂ ಹರಾಜಿನ ಮನೆಗಳನ್ನು ಇದ್ದಲ್ಲಿ ಇದ್ದ ಹಾಗೆಯೇ ಮಾರುತ್ತವೆ. ಇಂಥ ಖರೀದಿಯಲ್ಲಿ ಋಣಭಾರ ಪತ್ರ, ಖಾತೆ, ಕ್ರಯಪತ್ರಗಳನ್ನು ವಕೀಲರಿಂದ ಪರಿಶೀಲನೆ ಮಾಡಿಸುವಷ್ಟೇ ಶ್ರದ್ಧೆಯಿಂದ ಕಟ್ಟಡವನ್ನೂ ಎಂಜಿನಿಯರರಿಂದ ಪರೀಕ್ಷೆ ಮಾಡಿಸುವುದು, ಕಂಡ ದೋಷಗಳನ್ನು ಕರಾರಿನಲ್ಲಿ ಬರೆಸುವುದು ಕೊಳ್ಳುವವರಿಗೆ ಉಳಿದಿರುವ ನಿಜವಾದ ರಕ್ಷಣೆ.