ಕಾಕಾನ ಬೆರಳಿಗೂ ಫೈಟರ್ ಪೈಲಟ್‌ಗೂ ಏನು ಸಂಬಂಧ?

2021ರ ಮೇ ತಿಂಗಳು. ಸ್ಟುಡಿಯೋದಲ್ಲಿ ಕೂತು ದಿನಕ್ಕೆ ನೂರು ಸಲ ಆಕ್ಸಿಜನ್, ಆಕ್ಸಿಜನ್ ಅಂತ ಹೇಳ್ತಿದ್ದ ದಿನಗಳವು. ಚಾಮರಾಜನಗರದ ಆಸ್ಪತ್ರೆಯ ಆ ರಾತ್ರಿಯನ್ನ ನೀವು ಮರೆತಿರಲಿಕ್ಕಿಲ್ಲ, ನಾನಂತೂ ಮರೆತಿಲ್ಲ. ಅದೇ ದಿನಗಳಲ್ಲಿ ದೊಡವಾಡದಿಂದ ಫೋನ್ ಬಂತು. ಬೈಲಹೊಂಗಲ ತಾಲ್ಲೂಕಿನ ದೊಡವಾಡ, ನಮ್ಮ ಕಾಕಾನ ಊರು. ಕಾಕಾಗೆ ನಾಲ್ಕು ದಿನದಿಂದ ಜ್ವರ. ಅವರ ಕೈಗೆ ಫೋನ್ ಕೊಡಿ ಅಂದೆ. "ನನಗೇನಾಗೇತೋ ತಮ್ಮಾ, ಆರಾಮ ಅದೀನಿ. ಮುಂಜಾನೆ ರೊಟ್ಟಿ ತಿಂದೀನಿ, ಟಿವ್ಯಾಗ ನಿನ್ನ ನೋಡಾಕತ್ತೀನಿ" ಅಂದ್ರು. ಏದುಸಿರಿಲ್ಲ, ದನಿ ನಡುಗ್ತಿಲ್ಲ. ನಂಬಿಬಿಟ್ಟೆ.

ಮಧ್ಯಾಹ್ನ ಆಶಾ ಕಾರ್ಯಕರ್ತೆ ಬಂದು "ಬೆರಳ ಕೊಡ್ರಿ ಕಾಕಾ" ಅಂತ ಕ್ಲಿಪ್ ಹಾಕಿದ್ರೆ, 82. ಇನ್ನೊಂದು ಬೆರಳಿಗೆ ಹಾಕಿದ್ರು, 81. 94ಕ್ಕಿಂತ ಕೆಳಗಿಳಿದರೆ ಡಾಕ್ಟರ ಹತ್ತಿರ ಓಡಿ ಅಂತ ನಾವೇ ಟಿವಿಯಲ್ಲಿ ಬಡಕೊಳ್ತಿದ್ದ ಕಾಲ. ಆ ತಾಯಿ ಅಲ್ಲಿಂದ ಕದಲಲಿಲ್ಲ. ಗಾಡಿ ತರಿಸಿ, ಕಾಕಾನ ಬೈಗುಳ ತಿಂದು, ಅವರನ್ನ ಆಸ್ಪತ್ರೆಗೆ ಹೊರಡಿಸಿದ ಮೇಲೇ ಮುಂದಿನ ಮನೆಗೆ ಹೋದದ್ದು. ಕಾಕಾ ಉಳಕೊಂಡ್ರು.

ಆರಾಮ ಅದೀನಿ ಅಂದ ಮನುಷ್ಯ ಸುಳ್ಳು ಹೇಳ್ತಿರಲಿಲ್ಲ. ಅವರಿಗೆ ನಿಜಕ್ಕೂ ಆರಾಮ ಅನ್ನಿಸ್ತಿತ್ತು. ಆಗ ಡಾಕ್ಟರುಗಳು ಇದಕ್ಕೆ ಹ್ಯಾಪಿ ಹೈಪಾಕ್ಸಿಯಾ ಅಂತ ಹೆಸರಿಟ್ಟಿದ್ರು, ಹೊಸ ರೋಗದ ಹೊಸ ಮಾಯೆ ಅನ್ನೋ ಥರ ನಾವೂ ಹೇಳಿದ್ವಿ. ಆದರೆ ರಕ್ತದಲ್ಲಿ ಆಕ್ಸಿಜನ್ ಇಳಿದರೂ ಮನುಷ್ಯನಿಗೆ ಗೊತ್ತಾಗದೇ ಹೋಗೋದು ಹೊಸದೇನಲ್ಲ. ಆಕಾಶಕ್ಕೆ ಹಾರಿದವರು ಇದನ್ನ ನೂರೈವತ್ತು ವರ್ಷದ ಹಿಂದೆಯೇ ಜೀವ ಕೊಟ್ಟು ಕಲಿತಿದ್ರು.

1875ರ ಏಪ್ರಿಲ್ 15. ಪ್ಯಾರಿಸ್‌ನಿಂದ ಜೆನಿತ್ ಅನ್ನೋ ಬಲೂನು ಮೇಲೇರಿತು. ಒಳಗೆ ಮೂವರು: ಗಾಸ್ಟನ್ ಟಿಸಾಂಡಿಯೆ, ಕ್ರೋಸೆ ಸ್ಪಿನೆಲ್ಲಿ, ಸಿವೆಲ್. ಆಕ್ಸಿಜನ್ ಇಲ್ಲದೇ ಹೋದ್ರು ಅಂದುಕೊಳ್ಳಬೇಡಿ. ಚೀಲಗಳಲ್ಲಿ ಆಕ್ಸಿಜನ್ ತುಂಬಿಕೊಂಡೇ ಹೋಗಿದ್ರು. ಪಾಲ್ ಬೆರ್ಟ್ ಅನ್ನೋ ವಿಜ್ಞಾನಿ ತನ್ನ ಪ್ರಯೋಗಾಲಯದಲ್ಲಿ ಸ್ಪಿನೆಲ್ಲಿ ಮತ್ತು ಸಿವೆಲ್‌ಗೆ ತರಬೇತಿಯನ್ನೂ ಕೊಟ್ಟಿದ್ದ. ಆದರೆ ಚೀಲದಲ್ಲಿದ್ದದ್ದು ಸ್ವಲ್ಪ. ತೀರಾ ಬೇಕಾದಾಗ ಉಸಿರಾಡೋಣ ಅಂತ ಉಳಿಸಿಟ್ಟುಕೊಂಡ್ರು. ಇಲ್ಲೇ ಆದದ್ದು ಎಡವಟ್ಟು. ತೀರಾ ಬೇಕಾದ ಆ ಗಳಿಗೆ ಬಂತು ಅಂತ ಹೇಳಬೇಕಾದ್ದು ಯಾರು? ಮೆದುಳು. ಆಕ್ಸಿಜನ್ ಇಲ್ಲದೆ ಮೊದಲು ಮಂಕಾಗೋದು ಯಾವುದು? ಅದೇ ಮೆದುಳು!

ಸುಮಾರು 8 ಸಾವಿರ ಮೀಟರ್ ಎತ್ತರದಲ್ಲಿ ಟಿಸಾಂಡಿಯೆ ಆಕ್ಸಿಜನ್ ನಳಿಕೆಗೆ ಕೈ ಹಾಕೋಣ ಅಂದ್ರೆ ಕೈ ಏಳಲಿಲ್ಲ. ಹೆದರಿಕೆ ಆಯ್ತಾ? ಇಲ್ಲ. ನೋವೇ ಇರಲಿಲ್ಲ, ಒಳಗೊಳಗೇ ಒಂಥರಾ ಖುಷಿ ಇತ್ತು ಅಂತ ಆತ ಆಮೇಲೆ ಬರೆದ. ಆಮೇಲೆ ಪ್ರಜ್ಞೆ ತಪ್ಪಿತು. ಎಚ್ಚರಾದಾಗ ಬಲೂನು ಕೆಳಗಿಳೀತಿತ್ತು, ಜೊತೆಗಿದ್ದ ಇಬ್ಬರೂ ಹೆಣವಾಗಿದ್ರು. ಆರಾಮ ಅದೀನಿ ಅಂತಲೇ ಹೋಗಿಬಿಟ್ಟಿದ್ರು ಅನ್ನಿ.

ಯಾಕೆ ಹೀಗೆ? ಉಸಿರುಗಟ್ಟಿದಂಥ ಸಂಕಟ ನಮಗೆ ಬಹುಮಟ್ಟಿಗೆ ಬರೋದು ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಎತ್ತರದಲ್ಲಿ ಉಸಿರು ಜೋರಾಗಿ ಆಡ್ತಿರುತ್ತೆ, ಆ ಗಾಳಿ ಹೊರಗೆ ಹೋಗ್ತಾನೇ ಇರುತ್ತೆ. ಹಾಗಾಗಿ ಒಳಗಿನ ಗಂಟೆ ಬಾರಿಸೋದೇ ಇಲ್ಲ. 25 ಸಾವಿರ ಅಡಿಯಲ್ಲಿ ಮಾಸ್ಕ್ ತೆಗೆದರೆ ಬುದ್ಧಿ ಕೆಲಸ ಮಾಡೋದು 3ರಿಂದ 5 ನಿಮಿಷ. 35 ಸಾವಿರ ಅಡಿಯಲ್ಲಿ ಅರ್ಧದಿಂದ ಒಂದು ನಿಮಿಷ. 40 ಸಾವಿರಕ್ಕೆ ಹೋದರೆ 15-20 ಸೆಕೆಂಡು, ನಮ್ಮ ಬ್ರೇಕಿಂಗ್ ನ್ಯೂಸ್‌ನ ಮ್ಯೂಸಿಕ್ ಮುಗಿಯೋಷ್ಟು ಹೊತ್ತು.

ನಮ್ಮ ಬೆಂಗಳೂರಲ್ಲಿ, ವಿಮಾನಪುರದಲ್ಲಿ, ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಶುರುವಾದದ್ದು 1957ರಲ್ಲಿ. ರಾಕೇಶ್ ಶರ್ಮಾರಿಂದ ಹಿಡಿದು ಗಗನಯಾನಕ್ಕೆ ಆಯ್ಕೆಯಾದವರ ತನಕ ಎಲ್ಲರ ಮೈ ಪರೀಕ್ಷೆ ಆದದ್ದು ಅಲ್ಲೇ. ಅಲ್ಲಿ ಒಂದು ಕಬ್ಬಿಣದ ಕೋಣೆ ಇದೆ. ಗಾಳಿ ಹೊರಗೆ ಎಳೆದು, ನೆಲದ ಮೇಲೇ ಆಕಾಶದ ಎತ್ತರ ಸೃಷ್ಟಿ ಮಾಡೋ ಕೋಣೆ. ಪೈಲಟ್‌ಗಳು ಇಂಥ ಕೋಣೆಯಲ್ಲಿ ಕೂತು ಮಾಸ್ಕ್ ತೆಗೆದು, ತಮ್ಮ ಮೈ ಕೊಡೋ ಸೂಚನೆ ಏನು ಅಂತ ಕಲೀತಾರೆ. ಒಬ್ಬರಿಗೆ ಉಗುರು ನೀಲಿ, ಇನ್ನೊಬ್ಬರಿಗೆ ಸುಮ್ಮಸುಮ್ಮನೆ ನಗು. ಕಾಗದದ ಮೇಲೆ ಲೆಕ್ಕ ಬರೀತಾ ಹೋದ್ರೆ ಅಕ್ಷರ ಸೊಟ್ಟಗಾಗ್ತಾ ಹೋಗುತ್ತೆ. ಬರೆಯೋರಿಗೆ ಮಾತ್ರ ಮುತ್ತಿನಂಥ ಅಕ್ಷರ ಬರೀತಿದ್ದೀನಿ ಅನ್ನೋ ಭ್ರಮೆ!

ಪೈಲಟ್‌ಗೇ ಗೊತ್ತಾಗದಿದ್ದರೆ ಯಂತ್ರಕ್ಕಾದರೂ ಗೊತ್ತಾಗಬೇಕಲ್ಲ? ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಗ್ಲೆನ್ ಮಿಲಿಕನ್ ಇದಕ್ಕೇ ಕೈ ಹಾಕಿದ. ಕಿವಿಯ ಹಾಲೆಗೆ ಸಿಕ್ಕಿಸೋ ಪುಟ್ಟ ದೀಪ, ಆಚೆ ಕಡೆ ಬೆಳಕು ಅಳೆಯೋ ಕಣ್ಣು. ಆಕ್ಸಿಜನ್ ತುಂಬಿದ ರಕ್ತ ಕೆಂಪು, ಇಲ್ಲದ್ದು ಕಪ್ಪಗೆ. ಆ ಬಣ್ಣದ ವ್ಯತ್ಯಾಸವೇ ಲೆಕ್ಕ. ಆಕ್ಸಿಮೀಟರ್ ಅನ್ನೋ ಹೆಸರಿಟ್ಟವನೂ ಅವನೇ. ಗಮನಿಸಿ, ಇದನ್ನ ಮಾಡಿದ್ದು ಆಸ್ಪತ್ರೆಗಲ್ಲ, ಯುದ್ಧದ ಪೈಲಟ್‌ಗಳಿಗೆ. ಆದರೆ ಕಿವಿ ಬಿಸಿ ಮಾಡಬೇಕು, ಪ್ರತಿ ಸಲ ಲೆಕ್ಕ ಸರಿಪಡಿಸಬೇಕು. ರಗಳೆ ಬಹಳ.

ಆ ರಗಳೆ ಬಿಡಿಸಿದವರು ಜಪಾನಿನ ಎಂಜಿನಿಯರ್ ತಾಕುವೊ ಅವೋಯಾಗಿ. ಅವರು ಹುಡುಕ್ತಿದ್ದದ್ದೇ ಬೇರೆ, ಹೃದಯ ಎಷ್ಟು ರಕ್ತ ತಳ್ಳುತ್ತೆ ಅನ್ನೋ ಲೆಕ್ಕ. ನಾಡಿ ಬಡಿದಾಗಲೆಲ್ಲ ಅಳತೆ ಅಲುಗಾಡಿ ಕಾಟ ಕೊಡ್ತಿತ್ತು. ಕಾಟ ಕೊಡ್ತಿರೋ ಈ ನಾಡಿಯೇ ಅಪಧಮನಿಯ ರಕ್ತದ ಗುರುತು ಅಂತ ಅವರಿಗೆ ಹೊಳೀತು. 1974ರಲ್ಲಿ ಪಲ್ಸ್ ಆಕ್ಸಿಮೀಟರ್ ಹುಟ್ಟಿತು. ಅವೋಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಜಗತ್ತೆಲ್ಲ ಅವರ ಯಂತ್ರಕ್ಕೆ ಬೆರಳು ಕೊಟ್ಟು ಕೂತಿದ್ದ ಹೊತ್ತಲ್ಲಿ. ನಮ್ಮ ಯಾವ ಬುಲೆಟಿನ್‌ನಲ್ಲೂ ಆ ಸುದ್ದಿ ಬರಲಿಲ್ಲ. ನಾನು ಓದಿದ ಬುಲೆಟಿನ್‌ನಲ್ಲೂ.

ಹಾಗಾದ್ರೆ ಪೈಲಟ್‌ಗಳ ಸಮಸ್ಯೆ ಮುಗೀತಾ? ಅದೇ ಸೋಜಿಗ. ಮುಗಿಯಲಿಲ್ಲ.

2010ರ ನವೆಂಬರ್ 16. ಅಲಾಸ್ಕಾದಲ್ಲಿ ಅಮೆರಿಕದ ಎಫ್-22 ವಿಮಾನ ನೆಲಕ್ಕಪ್ಪಳಿಸಿ ಕ್ಯಾಪ್ಟನ್ ಜೆಫ್ರಿ ಹ್ಯಾನಿ ಸತ್ತರು. ಎಂಜಿನ್‌ನಿಂದ ಬರೋ ಗಾಳಿ ನಿಂತು, ಮಾಸ್ಕ್‌ಗೆ ಹೋಗೋ ಆಕ್ಸಿಜನ್ ಬಂದ್ ಆಗಿತ್ತು. ತನಿಖೆ ಮಾಡಿದ ವಾಯುಪಡೆ ಪೈಲಟ್ ಕಡೆಗೇ ಬೆರಳು ತೋರಿಸಿತು; ಉಸಿರಾಟದ ಕಡೆಗೇ ಗಮನ ಹೋಗಿ ವಿಮಾನದ ಮೇಲೆ ನಿಗಾ ತಪ್ಪಿತು ಅಂತ. ಉಸಿರಿಲ್ಲದವನು ಉಸಿರಿನ ಕಡೆ ಗಮನ ಕೊಟ್ಟದ್ದೇ ತಪ್ಪಾಯ್ತು, ನೋಡಿ! ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ 2013ರಲ್ಲಿ ಆ ವರದಿಯನ್ನ ಪ್ರಶ್ನಿಸಿತು. ಇತರ ಎಫ್-22 ಪೈಲಟ್‌ಗಳಿಗೂ ತಲೆ ಸುತ್ತು, ಮಂಪರು. 2011ರಲ್ಲಿ ಅಷ್ಟೂ ವಿಮಾನಗಳನ್ನ ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಿದ್ರು. ಮತ್ತೆ ಹಾರಿಸುವಾಗ ಪೈಲಟ್‌ಗಳ ಕೈಗೆ ಕೊಟ್ಟದ್ದೇನು? ಬೆರಳಿಗೆ ಹಾಕೋ ಆಕ್ಸಿಮೀಟರ್. ನಮ್ಮ ಕಾಕಾನ ಬೆರಳಿಗೆ ಹಾಕಿದ ಕ್ಲಿಪ್‌ನ ದಾಯಾದಿ!

ಆದರೆ ಕಾಕಾ ಹಾಸಿಗೆ ಮೇಲೆ ಕೈಚಾಚಿ ಕೂತಿದ್ರು. ಫೈಟರ್ ಪೈಲಟ್ ಹಾಗೆ ಕೂರೋಕಾಗುತ್ತಾ? ಒಂದು ಕೈ ಸ್ಟಿಕ್ ಮೇಲೆ, ಇನ್ನೊಂದು ಥ್ರಾಟಲ್ ಮೇಲೆ, ಕೈಗೆ ಗ್ಲೌಸ್. ವಿಮಾನ ಜೋರಾಗಿ ತಿರುಗಿದರೆ ಮೈತೂಕ ಏಳೆಂಟು ಪಟ್ಟು ಆದ ಹಾಗಾಗಿ ರಕ್ತ ಕಾಲಿನ ಕಡೆ ಇಳಿಯುತ್ತೆ. ಚಳಿಗೆ ಬೆರಳಿನ ರಕ್ತನಾಳ ಕುಗ್ಗುತ್ತೆ. ಯಂತ್ರ ತಪ್ಪು ಅಂಕಿ ತೋರಿಸುತ್ತೆ, ಇಲ್ಲಾ ಏನೂ ತೋರಿಸಲ್ಲ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ತಲೆಗೆ ಹೋಗೋ ರಕ್ತದಲ್ಲಿ ಆಕ್ಸಿಜನ್ ಇಳಿದದ್ದು ಬೆರಳಲ್ಲಿ ಕಾಣೋಕೆ ಅರ್ಧ ನಿಮಿಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. 35 ಸಾವಿರ ಅಡಿಯಲ್ಲಿ ಪೈಲಟ್ ಹತ್ತಿರ ಇರೋದೇ ಅಷ್ಟು ಹೊತ್ತು! ಅದಕ್ಕೇ ಈಗ ಹೆಲ್ಮೆಟ್ ಒಳಗೆ ಹಣೆಗೆ ಒತ್ತಿಕೊಳ್ಳೋ, ಕಿವಿಯೊಳಗೆ ಕೂರೋ ಸೆನ್ಸರ್‌ಗಳ ಹುಡುಕಾಟ. ಎಂಬತ್ತು ವರ್ಷ ಸುತ್ತಿ ಮತ್ತೆ ಮಿಲಿಕನ್‌ನ ಕಿವಿಗೇ ಬಂದ್ವಿ.

ಈ ಕಥೆಯಲ್ಲಿ ಕರ್ನಾಟಕ ಎಲ್ಲಿದೆ ಅಂತ ಕೇಳಬಹುದು. ನಡುಮಧ್ಯದಲ್ಲೇ ಇದೆ. ಬೆಂಗಳೂರಿನ ಡೆಬೆಲ್, ಡಿಆರ್‌ಡಿಒದ ಪ್ರಯೋಗಾಲಯ. ತೇಜಸ್‌ ಹಾರ್ತಾ ಇರುವಾಗಲೇ ಪೈಲಟ್‌ಗೆ ಆಕ್ಸಿಜನ್ ತಯಾರಿಸಿಕೊಡೋ ವ್ಯವಸ್ಥೆ ಮಾಡಿದವರು ಇವರು. ಎಂಜಿನ್‌ನ ಗಾಳಿಯನ್ನ ಜಿಯೋಲೈಟ್ ಅನ್ನೋ ಹರಳುಗಳ ಮೂಲಕ ಹಾಯಿಸಿದರೆ ನೈಟ್ರೋಜನ್ ಹರಳಿಗೆ ಅಂಟಿಕೊಂಡು ಆಕ್ಸಿಜನ್ ಮುಂದೆ ಹೋಗುತ್ತೆ, ಜರಡಿ ಹಿಡಿದ ಹಾಗೆ. 2025ರ ಮಾರ್ಚ್ 4ರಂದು ತೇಜಸ್‌ನಲ್ಲಿ 50 ಸಾವಿರ ಅಡಿ ತನಕ ಇದರ ಪರೀಕ್ಷೆ ಗೆದ್ದಿತು. ಆ ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ವ್ಯವಸ್ಥೆಯೇ ಕ್ಷಣಕ್ಷಣವೂ ನೋಡುತ್ತೆ. ಆದರೆ ಗಾಳಿಯ ಲೆಕ್ಕ ಬೇರೆ, ರಕ್ತದ ಲೆಕ್ಕ ಬೇರೆ. ಕಾಲುವೆಯಲ್ಲಿ ನೀರು ಹರೀತಿದೆ ಅಂದ್ರೆ ಹೊಲದ ಕೊನೆ ಸಾಲಿಗೆ ಮುಟ್ಟಿದೆ ಅಂತಲ್ಲ. ಮಲಪ್ರಭಾ ಕಾಲುವೆ ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ರಕ್ತದ ಲೆಕ್ಕಕ್ಕೂ ಇದೇ ಡೆಬೆಲ್ ಕೈ ಹಾಕಿತ್ತು, ಪೈಲಟ್‌ಗಲ್ಲ, ಹಿಮಾಲಯದ ತುದಿಯಲ್ಲಿ ಕಾವಲಿರೋ ಸೈನಿಕರಿಗೆ. ಆಕ್ಸಿಕೇರ್ ಅಂತ ಹೆಸರು. ಮಣಿಕಟ್ಟಿನ ಮೇಲಿನ ಆಕ್ಸಿಮೀಟರ್ ರಕ್ತ ನೋಡುತ್ತೆ, ವೈರ್ ಇಲ್ಲದೇ ಸುದ್ದಿ ಕಳಿಸುತ್ತೆ, ಸಿಲಿಂಡರ್‌ನ ವಾಲ್ವ್ ತಾನೇ ತಿರುಗಿ ಬೇಕಾದಷ್ಟೇ ಆಕ್ಸಿಜನ್ ಬಿಡುತ್ತೆ. "ನನಗೆ ಆಗ್ತಿಲ್ಲ" ಅಂತ ಯಾರೂ ಹೇಳಬೇಕಾಗಿಲ್ಲ. 2021ರ ಮೇನಲ್ಲಿ ಪಿಎಂ ಕೇರ್ಸ್‌ನಿಂದ 322.5 ಕೋಟಿ ರೂಪಾಯಿಗೆ ಒಂದೂವರೆ ಲಕ್ಷ ಆಕ್ಸಿಕೇರ್ ಕೊಳ್ಳೋಕೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಕೆಲವೇ ದಿನ ಮೊದಲು, ತೇಜಸ್ ಪೈಲಟ್‌ನ ಉಸಿರಿಗೆ ಅಂತ ಮಾಡಿದ ಆ ಜರಡಿಯ ತಂತ್ರದಿಂದಲೇ ಆಸ್ಪತ್ರೆಗಳಿಗೆ ನಿಮಿಷಕ್ಕೆ 1000 ಲೀಟರ್ ಆಕ್ಸಿಜನ್ ಕೊಡೋ 380 ಪ್ಲಾಂಟ್‌ಗಳಿಗೆ ಆರ್ಡರ್ ಹೋಗಿತ್ತು. ಅದರಲ್ಲಿ 332 ಬೆಂಗಳೂರಿನ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್‌ಗೆ. ಚಾನೆಲ್‌ಗಳಲ್ಲಿ ನಾವು ಸಿಲಿಂಡರ್ ಕ್ಯೂ ತೋರಿಸಿದಷ್ಟು ಇದನ್ನ ತೋರಿಸಲಿಲ್ಲ, ಒಪ್ಪಿಕೊಳ್ತೀನಿ.

ಕಳೆದ ಸಲ ದೊಡವಾಡಕ್ಕೆ ಹೋದಾಗ ಕಟ್ಟೆ ಮೇಲೆ ಕೂತು ಕಾಕಾಗೆ ಇದೆಲ್ಲ ಹೇಳಿದೆ. ಪೂರ್ತಿ ಕೇಳಿದ್ರು. "ಅಲ್ಲೋ ತಮ್ಮಾ, ನನ್ನ ಬೆರಳ ಹಿಡ್ಯಾಕ ಅಕ್ಕೋರು ಇದ್ರು. ಅಷ್ಟ ಮ್ಯಾಲ ಒಬ್ಬನ ಇರ್ತಾನಲ್ಲ, ಆ ಹುಡುಗಂದ ಯಾರ ಹಿಡೀತಾರ?" ಅಂದ್ರು. ಅದಕ್ಕೇ ಕಿವಿ, ಹಣೆ ಅಂತ ಹುಡುಕ್ತಿದ್ದಾರೆ ಕಾಕಾ, ಇನ್ನೂ ಪಕ್ಕಾ ಆಗಿಲ್ಲ ಅಂದೆ. ಒಳಗೆ ಹೋಗಿ ಚಾಳೀಸಿನ ಡಬ್ಬಿಯಿಂದ ಆ ವರ್ಷ ಕೊಂಡ ಕ್ಲಿಪ್ ತಂದು ತೋರಿಸಿದ್ರು. ಸೆಲ್ ಮುಗಿದಿತ್ತು. ಬೈಲಹೊಂಗಲಕ್ಕೆ ಹೋದಾಗ ಎರಡು ಸೆಲ್ ತಗೊಂಡು ಬಾ ಅಂದ್ರು.