ಹರೆಯದಾಗ ಸೋರಿಯಾಸಿಸ್: ಹೆದರಬ್ಯಾಡ್ರಿ, ಸಿಕ್ಕ ಸಿಕ್ಕ ಟ್ಯೂಬ್ ಹಚ್ಚಬ್ಯಾಡ್ರಿ

ಯಾದಗಿರಿ: ಏಪ್ರಿಲ್, ಮೇ ಬಂತಂದ್ರ ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥಾ ಬಿಸಿಲಾಗೂ ತುಂಬು ತೋಳಿನ ಅಂಗಿ ಹಾಕ್ಕೊಂಡು, ಮುಂಗೈ ಗುಂಡಿ ಬಿಗಿದು ಕಾಲೇಜಿಗೆ ಬರುವ ಹುಡುಗರಿದ್ದಾರೆ. ಜಡೆ ಬಿಚ್ಚಿದರೆ ಹೊಟ್ಟು ಉದುರುತ್ತದೆ ಅಂತ ಮದುವೆ ಮನೆಗೇ ಹೋಗದ ಹುಡುಗಿಯರಿದ್ದಾರೆ. ಮೊಣಕೈ, ಮೊಣಕಾಲು, ತಲೆಯಲ್ಲಿ ಕೆಂಪು ಪಟ್ಟಿ, ಅದರ ಮ್ಯಾಲ ಬೆಳ್ಳಿ ಬಣ್ಣದ ಹೊಟ್ಟು. ಇವರಲ್ಲಿ ಹಲವರಿಗೆ ಇರೋದು ಸೋರಿಯಾಸಿಸ್. ಮನೆಯವರಿಗೆ ಆ ಹೆಸರು ಗೊತ್ತಾಗೋ ಹೊತ್ತಿಗೆ ಒಂದೆರಡು ವರ್ಷ ಕಳೆದಿರುತ್ತದೆ. ಅಷ್ಟರೊಳಗ ಆರೇಳು ಟ್ಯೂಬು, ನಾಲ್ಕು ಥರದ ಎಣ್ಣೆ, ಎರಡು ಮೂರು ಇಂಜೆಕ್ಷನ್ ಮುಗಿದಿರುತ್ತವೆ.

ಅದಕ್ಕೇ ಈ ಮಾಹಿತಿ. ಮನೆಯಲ್ಲಿ ಹರೆಯದ ಮಕ್ಕಳಿದ್ದವರು ಓದಿ. ಮೆಡಿಕಲ್ ಅಂಗಡಿ, ಕಟಿಂಗ್ ಶಾಪ್ ಇಟ್ಟವರು ಇನ್ನೂ ಲಕ್ಷ್ಯ ಕೊಟ್ಟು ಓದಿ, ನಿಮ್ಮ ಮಾತೂ ಇದರಾಗ ಬರುತ್ತದೆ.

ಏನಿದು ಸೋರಿಯಾಸಿಸ್

ನಮ್ಮ ಚರ್ಮ ಹಳೇದು ಉದುರಿ ಹೊಸದು ಬರೋದಕ್ಕೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ಇದ್ದ ಜಾಗದಲ್ಲಿ ಅದೇ ಕೆಲಸ ನಾಲ್ಕೈದು ದಿನದಾಗ ಆಗುತ್ತದೆ. ಹಳೇ ಚರ್ಮ ಉದುರೋದಕ್ಕೆ ಮುಂಚೆನೇ ಹೊಸದು ಬಂದು ಒಂದರ ಮ್ಯಾಲೊಂದು ಪೇರಿಸಿಕೊಳ್ಳುತ್ತದೆ. ಆ ಪೇರಿಕೆಯೇ ಹೊಟ್ಟು. ಹೀಗಾಗೋದಕ್ಕೆ ಕಾರಣ ರೋಗಾಣು ಅಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಿಕ್ಕು ತಪ್ಪಿ ಚರ್ಮದ ಮೇಲೆ ತಿರುಗಿ ಬೀಳುವುದು ಕಾರಣ.

ರೋಗಾಣು ಇಲ್ಲದ್ದರಿಂದ ಇದು ಅಂಟುವುದಿಲ್ಲ. ಒಂದೇ ಟವೆಲ್, ಒಂದೇ ತಾಟು, ಒಂದೇ ಹಾಸಿಗೆ, ಒಂದೇ ಬೆಂಚು, ಯಾವುದರಿಂದಲೂ ಅಂಟುವುದಿಲ್ಲ. ಹಾಸ್ಟೆಲಿನಲ್ಲಿ ಇಂಥ ಹುಡುಗನ ಬಕೆಟ್ ಬ್ಯಾರೆ ಇಡೋದು, ಅವನ ಪಕ್ಕದ ಮಂಚ ಖಾಲಿ ಬಿಡೋದು ಶುದ್ಧ ಅಜ್ಞಾನ.

ರಕ್ತ ಕೆಟ್ಟು ಬರುತ್ತದೆ, ನಂಜಿನ ಪದಾರ್ಥ ತಿಂದು ಬರುತ್ತದೆ ಅನ್ನೋದೂ ಸುಳ್ಳು. ಬದನೆಕಾಯಿ ಬಿಡಿಸಿದ್ದಕ್ಕ ಸೋರಿಯಾಸಿಸ್ ಹೋಗೋದಿಲ್ಲ. ಆದರೆ ಮನೆತನದಲ್ಲಿ ಹರಿದು ಬರುವುದು ಉಂಟು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು ಅಂತಾರೆ ವೈದ್ಯರು. ಅಂದರೆ ಬಾರದೇ ಇರುವ ಸಾಧ್ಯತೆಯೇ ದೊಡ್ಡದು. ಸಂಬಂಧ ನೋಡೋ ಹಿರಿಯರು ಈ ಲೆಕ್ಕ ಮರೀಬಾರದು.

ಜಗತ್ತಿನಲ್ಲಿ ಸೋರಿಯಾಸಿಸ್ ಇರುವವರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರಿಗೆ ಅದು 20 ವರ್ಷದೊಳಗೇ ಶುರುವಾಗಿರುತ್ತದೆ. ಹರೆಯದಲ್ಲಿ ಬರೋದು ವಿಚಿತ್ರವೇನಲ್ಲ. ಎಷ್ಟೋ ಸಲ ಮೊದಲು ಗಂಟಲು ನೋವು, ಜ್ವರ ಬಂದು, ಎರಡು ಮೂರು ವಾರದ ಮ್ಯಾಲ ಎದೆ, ಬೆನ್ನು, ಹೊಟ್ಟೆ ತುಂಬ ನೀರಿನ ಹನಿಯಂಥ ಸಣ್ಣ ಕೆಂಪು ಚುಕ್ಕೆ ಏಳುತ್ತವೆ. ಅವ್ವಂದಿರು ಇದನ್ನ ಅಮ್ಮ ಅಂತಲೋ ಹೊಲದಾಗಿನ ಔಷಧದ ಅಲರ್ಜಿ ಅಂತಲೋ ತಿಳೀತಾರೆ. ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೆ ಬರುವ ಸೋರಿಯಾಸಿಸ್ ಅದು. ಡಾಕ್ಟರಿಗೆ ತೋರಿಸುವಾಗ ಆ ಗಂಟಲು ನೋವಿನ ಸಂಗತಿ ತಪ್ಪದೆ ಹೇಳಿ.

ಹುಳಕಡ್ಡಿ ಅಲ್ಲ, ಕುಷ್ಠವೂ ಅಲ್ಲ

ನಮ್ಮ ಕಡೆ ಮೈಮೇಲೆ ದುಂಡಗಿನ ಪಟ್ಟಿ ಕಂಡರೆ ಮೊದಲ ಮಾತು ಹುಳಕಡ್ಡಿ. ಹುಳಕಡ್ಡಿ ಬೂಸ್ಟಿನಿಂದ ಬರುತ್ತದೆ. ಅದರ ಅಂಚು ಕೆಂಪಾಗಿ, ನಡುವೆ ತಿಳಿಯಾಗಿರುತ್ತದೆ, ತೊಡೆ ಸಂದು, ಸೊಂಟದಲ್ಲಿ ಜಾಸ್ತಿ, ಮನೆಯವರಿಗೆಲ್ಲ ಹಬ್ಬುತ್ತದೆ. ಸೋರಿಯಾಸಿಸ್ ಪಟ್ಟಿ ಪೂರ್ತಿ ದಪ್ಪ, ಮ್ಯಾಲೆಲ್ಲ ಹೊಟ್ಟು. ಎರಡೂ ಮೊಣಕೈ, ಎರಡೂ ಮೊಣಕಾಲು ಅಂತ ಜೋಡಿಯಾಗಿ ಬರೋದು ಹೆಚ್ಚು. ಉಗುರಿನ ಮ್ಯಾಲ ಸೂಜಿ ಚುಚ್ಚಿದಂಥ ಸಣ್ಣ ಗುಳಿ ಇದ್ದರೆ ಅನುಮಾನ ಇನ್ನೂ ಗಟ್ಟಿ. ಆದರೂ ಕಣ್ಣಿಗೆ ಮೋಸ ಆಗುತ್ತದೆ. ಅದಕ್ಕೇ ಚರ್ಮದ ಡಾಕ್ಟರ್ ಬೇಕು.

ಕುಷ್ಠದ ಹೆದರಿಕೆ ಅದಕ್ಕಿಂತ ದೊಡ್ಡದು. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ, ಮುಟ್ಟಿದರೆ ಗೊತ್ತಾಗೋದಿಲ್ಲ. ಸೋರಿಯಾಸಿಸ್‌ನಲ್ಲಿ ಗೊತ್ತಾಗುತ್ತದೆ, ತುರಿಕೆಯೂ ಇರುತ್ತದೆ. ಹಿಂದಿನ ಕಾಲಕ್ಕೆ ಯುರೋಪಿನವರೂ ಇವೆರಡನ್ನ ಒಂದೇ ಅಂತ ತಿಳಿದಿದ್ದರು. ವಿಯೆನ್ನಾದ ವೈದ್ಯ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಎರಡೂ ಬ್ಯಾರೆ ಬ್ಯಾರೆ ಅಂತ ಸ್ಪಷ್ಟವಾಗಿ ವಿಂಗಡಿಸಿದ. ನಮ್ಮ ಓಣಿ ಕಟ್ಟೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಸ್ಪರ್ಶ ಇಲ್ಲದ ಮಚ್ಚೆ ಇದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಕುಷ್ಠಕ್ಕೂ ಪೂರ್ತಿ ವಾಸಿ ಮಾಡುವ ಔಷಧ ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ, ಅದನ್ನೂ ಮುಚ್ಚಿಡೋ ಕಾರಣವಿಲ್ಲ.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಗೇ ಸೇರಿದ್ದು. ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಅನ್ನೋ ವಿಷ ಇದ್ದದ್ದು, ಅದರಿಂದ ಜನರ ಚರ್ಮ ಕೆಟ್ಟದ್ದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಹಳೇ ಚಿನ್ನದ ಗಣಿ ಇದ್ದ ಮಂಗಳೂರು ಗ್ರಾಮದ ಆಸುಪಾಸಿನ ಪಟ್ಟಿ ಅದು. ಆರ್ಸೆನಿಕ್‌ನಿಂದ ಅಂಗೈ, ಅಂಗಾಲು ಗಂಟುಗಂಟಾಗಿ ಬಿರುಸಾಗುತ್ತವೆ, ಎದೆ ಬೆನ್ನಿನ ಮ್ಯಾಲ ಮಳೆಹನಿ ಬಿದ್ದಂಗ ಕಪ್ಪು ಬಿಳಿ ಚುಕ್ಕೆ ಬರುತ್ತವೆ. ಅಂಗೈ ದಪ್ಪ ಆಗೋದು ಸೋರಿಯಾಸಿಸ್‌ನಲ್ಲೂ ಉಂಟು. ಹಾಗಾಗಿ ಆ ಭಾಗದಲ್ಲಿ ಒಂದೇ ಬೋರಿನ ನೀರು ಕುಡಿಯುವ ನಾಲ್ಕಾರು ಮನೆಯವರಿಗೆ ಕೈಕಾಲು ಹೀಗಾದರೆ ಮೊದಲು ನೀರಿನ ಪರೀಕ್ಷೆ ಆಗಬೇಕು. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು ಕೇಳಿ. ಲೀಟರ್ ನೀರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರಬಾರದು. ನೀರು ಕುದಿಸಿದರೆ ಇದು ಹೋಗೋದಿಲ್ಲ.

ಮೆಡಿಕಲ್ ಅಂಗಡಿಯ ಟ್ಯೂಬು

ಈಗ ಮುಖ್ಯ ಮಾತಿಗೆ ಬರೋಣ. "ತುರಿಕೆ ಅದ, ಏನರ ಕೊಡ್ರಿ ಅಣ್ಣಾರ" ಅಂದ ಕೂಡಲೇ ಗಾಜಿನ ಕಪಾಟಿನಿಂದ ಒಂದು ಟ್ಯೂಬು ಕೈಗೆ ಬರುತ್ತದೆ. ಹೆಚ್ಚಿನವು ಮಿಶ್ರಣದ ಟ್ಯೂಬು. ಬೂಸ್ಟಿನ ಔಷಧ, ಆಂಟಿಬಯೋಟಿಕ್, ಜೊತೆಗೆ ಕ್ಲೊಬೆಟಾಸೋಲ್ ಥರದ ಬಹಳ ಜೋರಿನ ಸ್ಟೀರಾಯ್ಡ್. ಹಚ್ಚಿದ ಎರಡೇ ದಿನದಾಗ ತುರಿಕೆ ಮಾಯ. ಎಲ್ಲಾರೂ ಖುಷಿ. ಬಿಟ್ಟ ವಾರಕ್ಕೆ ಮೊದಲಿನಕ್ಕಿಂತ ಎರಡು ಪಟ್ಟು ಏಳುತ್ತದೆ. ಮತ್ತೆ ಅದೇ ಟ್ಯೂಬು.

ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಹಾಳೆಯಂಗ ತೆಳ್ಳಗಾಗುತ್ತದೆ. ತೊಡೆ, ಕಂಕುಳದಲ್ಲಿ ಸೀಳು ಗೆರೆ ಬೀಳುತ್ತವೆ, ಆ ಗೆರೆ ಪೂರ್ತಿ ಅಳಿಯೋದಿಲ್ಲ. ಮುಖಕ್ಕೆ ಹಚ್ಚಿದರೆ ಮೊಡವೆ, ಕೆಂಪು, ಕೂದಲು. ಹುಳಕಡ್ಡಿ ಇದ್ದವರಿಗೆ ಸ್ಟೀರಾಯ್ಡ್ ಹಚ್ಚಿದರೆ ಬೂಸ್ಟು ಇನ್ನೂ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಗಿರಾಕಿ ಒತ್ತಾಯ ಮಾಡ್ತಾರೆ, ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗ್ತಾರೆ, ಆ ಕಷ್ಟ ಇದ್ದದ್ದೇ. ಆದರೂ "ಚೀಟಿ ತರ್ರಿ" ಅನ್ನೋ ಒಂದು ಮಾತು ಒಬ್ಬ ಹುಡುಗಿಯ ಚರ್ಮ ಉಳಿಸುತ್ತದೆ.

ಟ್ಯೂಬಿಗಿಂತ ಅಪಾಯ ಸ್ಟೀರಾಯ್ಡ್ ಮಾತ್ರೆ ಮತ್ತು ಇಂಜೆಕ್ಷನ್. ಸೋರಿಯಾಸಿಸ್ ಇದ್ದವರಿಗೆ ಅವನ್ನು ಕೊಟ್ಟು ಒಮ್ಮೆಲೇ ನಿಲ್ಲಿಸಿದರೆ ಮೈತುಂಬ ಕೀವುಗುಳ್ಳೆ ಏಳಬಹುದು, ಇಲ್ಲವೇ ಮೈಯೆಲ್ಲ ಕೆಂಪಾಗಿ ಸಿಪ್ಪೆ ಸುಲಿಯಬಹುದು. ಹಾಗೆ ಆಗಿ ಜ್ವರ, ಚಳಿ ಬಂದರೆ ಅದು ತುರ್ತು ಸ್ಥಿತಿ, ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಹೆಸರಿಲ್ಲದ ಪುಡಿ, ಲೇಬಲ್ ಇಲ್ಲದ ಡಬ್ಬಿ, ಸಂತೆಯಲ್ಲಿ ಮೈಕ್ ಹಿಡಿದು ಮಾರುವ ಎಣ್ಣೆ ಇವುಗಳ ಒಳಗ ಏನದ ಅಂತ ಯಾರೂ ಹೇಳಲಾರರು. ಬೆಳ್ಳುಳ್ಳಿ ಜಜ್ಜಿ ಕಟ್ಟೋದು, ಸುಣ್ಣ ಹಚ್ಚೋದು ಚರ್ಮ ಸುಡುತ್ತದೆ. ಸೋರಿಯಾಸಿಸ್‌ನ ಒಂದು ಗುಣ ಏನಂದ್ರ, ಚರ್ಮಕ್ಕೆ ಗಾಯವಾದಲ್ಲೇ ಹೊಸ ಪಟ್ಟಿ ಏಳುತ್ತದೆ.

ಸರಿಯಾದ ಚಿಕಿತ್ಸೆ ಹೇಗಿರುತ್ತದೆ

ಶಾಶ್ವತವಾಗಿ ಕಿತ್ತು ಹಾಕುವ ಔಷಧ ಇಲ್ಲ. "ಗ್ಯಾರಂಟಿ ವಾಸಿ" ಅಂದವರ ಅಂಗಡಿಯಿಂದ ಎದ್ದು ಬನ್ನಿ. ಆದರೆ ಹತೋಟಿಯಲ್ಲಿ ಇಡಬಹುದು. ಎಷ್ಟೋ ಜನರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೈ ತಿಳಿಯಾಗಿರುತ್ತದೆ.

ತಳಪಾಯ ಅಂದರೆ ಜಿಡ್ಡು. ಸ್ನಾನ ಮಾಡಿ, ಒರೆಸಿಕೊಂಡ ಕೂಡಲೇ, ಮೈ ಇನ್ನೂ ಹಸಿ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆ. ದಿನಕ್ಕೆ ಎರಡು ಸಲ. ಇದಕ್ಕೆ ದುಡ್ಡು ಹೆಚ್ಚು ಬೇಡ, ಬೇಸರ ಮಾಡಿಕೊಳ್ಳದಿದ್ದರೆ ಸಾಕು. ಬಿಸಿಬಿಸಿ ನೀರು, ಕಲ್ಲಿನಿಂದ ಮೈ ಉಜ್ಜೋದು ಬೇಡ. ತಲೆಗೆ ಕೋಲ್ ಟಾರ್ ಇರುವ ಶಾಂಪೂ, ದಪ್ಪ ಹೊಟ್ಟು ಸಡಿಲಿಸಲು ಸ್ಯಾಲಿಸಿಲಿಕ್ ಆಸಿಡ್ ಇರುವ ಔಷಧ ಬರೆದುಕೊಡ್ತಾರೆ.

ಡಾಕ್ಟರೂ ಸ್ಟೀರಾಯ್ಡ್ ಮುಲಾಮು ಕೊಡ್ತಾರೆ, ಅದರಲ್ಲಿ ಗೊಂದಲ ಬೇಡ. ಯಾವ ಜಾಗಕ್ಕೆ ಯಾವ ಜೋರಿನದು, ಎಷ್ಟು ದಿನ, ಹೇಗೆ ಇಳಿಸಬೇಕು ಅಂತ ಅಳೆದು ಕೊಡ್ತಾರೆ. ಅಳತೆ ಹೀಗೆ: ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನ ತನಕ ಟ್ಯೂಬಿನಿಂದ ಒಂದು ಗೆರೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ವಿಟಮಿನ್ ಡಿ ಜಾತಿಯ ಕ್ಯಾಲ್ಸಿಪೋಟ್ರಿಯಾಲ್ ಮುಲಾಮನ್ನೂ ಜೊತೆಗೆ ಬಳಸ್ತಾರೆ.

ಇಷ್ಟಕ್ಕೆ ಬಗ್ಗದಿದ್ದರೆ ಬೆಳಕಿನ ಚಿಕಿತ್ಸೆ. ವಾರಕ್ಕೆ ಎರಡು ಮೂರು ಸಲ, ಎರಡು ಮೂರು ತಿಂಗಳು, ಒಂದು ಯಂತ್ರದ ಮುಂದೆ ಕೆಲವು ನಿಮಿಷ ನಿಲ್ಲಬೇಕು. ನಮಗೆ ಇದೇ ತೊಡಕು. ಸುರಪುರದ ಹುಡುಗ ವಾರಕ್ಕೆ ಮೂರು ಸಲ ಕಲಬುರಗಿ ಬಸ್ ಹತ್ತಿದರೆ ಕಾಲೇಜು ಹಾಜರಿ ಏನಾಗಬೇಕು, ಜೊತೆಗೆ ಹೋಗೋ ಅಪ್ಪನ ಕೂಲಿ ಏನಾಗಬೇಕು? ಈ ಕಷ್ಟವನ್ನ ಡಾಕ್ಟರ್ ಮುಂದೆ ಬಾಯಿಬಿಟ್ಟು ಹೇಳಿ, ಬ್ಯಾರೆ ದಾರಿ ನೋಡ್ತಾರೆ. ಯಂತ್ರದ ಬದಲು ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಬೇಡಿ. ಮುಂಜಾನೆಯ ಎಳೆ ಬಿಸಿಲು ಹತ್ತು ನಿಮಿಷ ಪರವಾಗಿಲ್ಲ. ಚರ್ಮ ಸುಟ್ಟರೆ ರೋಗ ಹೆಚ್ಚುತ್ತದೆ.

ಮೆಥೊಟ್ರೆಕ್ಸೇಟ್ ಮಾತ್ರೆ ಬಗ್ಗೆ ಒಂದು ಮಾತು, ಇದನ್ನ ಗೋಡೆ ಮ್ಯಾಲ ಬರೆದಿಟ್ಟುಕೊಳ್ಳಿ. ಸೋರಿಯಾಸಿಸ್‌ಗೆ ಇದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಕುತ್ತು. ಯಾವ ವಾರ ಅಂತ ಡಾಕ್ಟರ್ ಕೈಲಿ ಕನ್ನಡದಲ್ಲೇ ಬರೆಸಿಕೊಳ್ಳಿ. ಅಂಗಡಿಯವರೂ ಕೊಡುವಾಗ "ಸೋಮವಾರ ಮಾತ್ರ" ಅಂತ ಪಾಕೀಟಿನ ಮ್ಯಾಲ ದಿನ ಬರೆದು ಕೊಡಿ. ಜೊತೆಗೆ ಬೇರೆ ದಿನ ನುಂಗಲು ಫೋಲಿಕ್ ಆಸಿಡ್ ಕೊಡ್ತಾರೆ. ಆಗಾಗ ರಕ್ತ, ಲಿವರ್ ಪರೀಕ್ಷೆ ಆಗಬೇಕು. ದಾರು ಪೂರ್ತಿ ಬಂದ್. ಈ ಮಾತ್ರೆ ಗರ್ಭದ ಮಗುವಿಗೆ ಅಪಾಯ. ಅಸಿಟ್ರೆಟಿನ್ ಅನ್ನೋದಂತೂ ಬಿಟ್ಟ ಮೇಲೂ ಮೂರು ವರ್ಷ ಗರ್ಭ ಧರಿಸಬಾರದು. ಹದಿನೆಂಟರ ಹುಡುಗಿಗೆ ಬೇಗ ಮದುವೆ ಮಾಡುವ ವಿಚಾರ ಮನೆಯಲ್ಲಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಬಯಾಲಾಜಿಕ್ ಇಂಜೆಕ್ಷನ್‌ಗಳೂ ಇವೆ, ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಬಹಳ ದುಬಾರಿ.

ಮುಂಜಾನೆ ಎದ್ದಾಗ ಬೆರಳು ಸೆಟೆದಂಗ ಆಗೋದು, ಒಂದು ಬೆರಳು ಪೂರ್ತಿ ಬಾತುಕೊಳ್ಳೋದು, ಹಿಮ್ಮಡಿ ನೋವು, ಕಣ್ಣು ಕೆಂಪಾಗಿ ನೋಯೋದು ಇದ್ದರೆ ತಡ ಮಾಡಬೇಡಿ. ಸೋರಿಯಾಸಿಸ್ ಕೀಲಿಗೂ ಇಳಿಯುತ್ತದೆ, ಕೀಲು ಒಮ್ಮೆ ಸವೆದರೆ ತಿರುಗಿ ಬರೋದಿಲ್ಲ.

ಕಾಲೇಜು, ಕಟಿಂಗ್ ಶಾಪ್, ಜಾತ್ರೆ

ಈ ರೋಗದಲ್ಲಿ ತುರಿಕೆಗಿಂತ ಹೆಚ್ಚು ಕಾಡೋದು ಜನರ ಕಣ್ಣು. ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಗೆಳೆಯರೆಲ್ಲ ಹೊರಟಾಗ, ನೀರಿಗಿಳಿಯಲು ಅಂಗಿ ಬಿಚ್ಚಬೇಕಾಗುತ್ತದೆ ಅಂತ ಒಬ್ಬ ಮನೆಯಲ್ಲೇ ಉಳೀತಾನೆ. ಮಾನಸಿಕ ಒತ್ತಡದಿಂದ ಪಟ್ಟಿ ಹೆಚ್ಚುತ್ತವೆ, ಪಟ್ಟಿಯಿಂದ ಒತ್ತಡ ಹೆಚ್ಚುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹೊತ್ತಿಗೆ ಉಲ್ಬಣಿಸೋದು ಇದೇ ಕಾರಣಕ್ಕೆ. ಹುಡುಗ ಮಾತು ಬಿಟ್ಟರೆ, ಊಟ ಬಿಟ್ಟರೆ, ಕಾಲೇಜು ಬಿಡ್ತೀನಿ ಅಂದರೆ ಅದನ್ನೂ ರೋಗದ ಭಾಗ ಅಂತಲೇ ತಿಳೀರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಕಟಿಂಗ್ ಶಾಪಿನವರಿಗೆ: ತಲೆಯಲ್ಲಿ ಹೊಟ್ಟಿನ ಪಟ್ಟಿ ಕಂಡರೆ ಕುರ್ಚಿಯಿಂದ ಎಬ್ಬಿಸಬೇಡಿ. ನಿಮಗೂ ಅಂಟೋದಿಲ್ಲ, ಮುಂದಿನ ಗಿರಾಕಿಗೂ ಅಂಟೋದಿಲ್ಲ. ಬ್ಲೇಡು ಹೊಸದು ಹಾಕೋದು ಎಲ್ಲರಿಗೂ ಮಾಡಬೇಕಾದದ್ದೇ. ಮಷೀನ್ ಒತ್ತಿ ಹಿಡಿಯಬೇಡಿ, ಗಾಯ ಆಗಬಾರದು. ಅಂಗಡಿ ತುಂಬ ಜನ ಇದ್ದಾಗ "ಏನ್ ತಮ್ಮಾ ಇದು" ಅಂತ ಜೋರಾಗಿ ಕೇಳದಿದ್ದರೆ ಅದೇ ದೊಡ್ಡ ಉಪಕಾರ.

ಬಟ್ಟೆ ಸಡಿಲ, ಹತ್ತಿಯದು ಒಳ್ಳೇದು. ಚಳಿಗಾಲದಲ್ಲಿ ಜಿಡ್ಡು ಇನ್ನೂ ಹೆಚ್ಚು ಬೇಕು. ಬೀಡಿ, ಸಿಗರೇಟು, ಏರುವ ತೂಕ ಇವು ಸೋರಿಯಾಸಿಸ್ ಕೆದಕುತ್ತವೆ. ಆಟ ಆಡಲಿ, ಕಬಡ್ಡಿಯಲ್ಲಿ ಮೊಣಕಾಲು ತರಚಿದರೆ ತೊಳೆದು ಜಿಡ್ಡು ಹಚ್ಚಲಿ, ಆಟ ಬಿಡಿಸಬೇಡಿ. ಮಲೇರಿಯಾಕ್ಕೆ ಮಾತ್ರೆ ಬರೆಯುವ ಡಾಕ್ಟರಿಗೆ ಸೋರಿಯಾಸಿಸ್ ಇದೆ ಅಂತ ಮೊದಲೇ ಹೇಳಿ, ಕ್ಲೋರೋಕ್ವಿನ್‌ನಿಂದ ಕೆಲವರಿಗೆ ಹೆಚ್ಚಾಗುತ್ತದೆ.

ಎಲ್ಲಿ ತೋರಿಸಬೇಕು

ಶಹಾಪುರ, ಸುರಪುರದವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್ ಕೇಳಿ. ಚರ್ಮದ ಡಾಕ್ಟರ್ ಇಲ್ಲದ ಕಡೆ ಇ-ಸಂಜೀವಿನಿ ಮೂಲಕ ದೂರದ ತಜ್ಞರ ಸಲಹೆ ಕೊಡಿಸಬಹುದೇ ಅಂತ ವಿಚಾರಿಸಿ. ಶಾಲೆ, ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡ 18 ವರ್ಷದ ತನಕದ ಮಕ್ಕಳ ತಪಾಸಣೆ ಮಾಡುತ್ತದೆ. ಆ ದಿನ ಮಗುವನ್ನ ಮನೆಯಲ್ಲಿ ಇಟ್ಟುಕೊಳ್ಳದೆ ಕಳಿಸಿ. ಮುಂದಿನ ಹಂತಕ್ಕೆ ಯಾದಗಿರಿಯ ಯಿಮ್ಸ್, ಕಲಬುರಗಿಯ ಜಿಮ್ಸ್, ರಾಯಚೂರಿನ ರಿಮ್ಸ್ ಇವೆ. ಶಹಾಪುರ, ಸುರಪುರಕ್ಕೆ ರೈಲಿಲ್ಲ, ಯಾದಗಿರಿವರೆಗೆ ಬಸ್ಸಿನಲ್ಲಿ ಬಂದರೆ ಕಲಬುರಗಿಗೂ ರಾಯಚೂರಿಗೂ ರೈಲು ಸಿಗುತ್ತದೆ. ಬೆಳಕಿನ ಯಂತ್ರ ನಡೆಯುತ್ತಿದೆಯೇ, ಯಾವ ವಾರ ಅಂತ ಹೊರಡೋ ಮುಂಚೆ ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಜನೌಷಧಿ ಕೇಂದ್ರದಲ್ಲಿ ಕೆಲವು ಔಷಧ ಕಡಿಮೆ ಬೆಲೆಗೆ ಸಿಗುತ್ತವೆ.

ಹೋಗುವಾಗ ಇಷ್ಟು ದಿನ ಹಚ್ಚಿದ ಎಲ್ಲ ಟ್ಯೂಬು, ನುಂಗಿದ ಮಾತ್ರೆಯ ಪಾಕೀಟು ಖಾಲಿಯಾಗಿದ್ದರೂ ಚೀಲದಲ್ಲಿ ಒಯ್ಯಿರಿ. ಪಟ್ಟಿ ಜೋರಾಗಿದ್ದ ದಿನದ ಫೋಟೋ ಮೊಬೈಲಿನಲ್ಲಿ ಇರಲಿ. ಹಿಂದಿನ ದಿನ ಎಣ್ಣೆ ಹಚ್ಚಿ ಉಜ್ಜಿ ಹೊಟ್ಟು ತೆಗೆದು ಹೋಗಬೇಡಿ, ಡಾಕ್ಟರ್ ನೋಡಬೇಕಾದದ್ದು ಆ ಹೊಟ್ಟೇ. ಹರೆಯದ ಮಗ, ಮಗಳಿಗೆ ಐದು ನಿಮಿಷ ಡಾಕ್ಟರ್ ಜೊತೆ ಒಬ್ಬರೇ ಮಾತಾಡಲು ಬಿಡಿ. ತೊಡೆ ಸಂದು, ಗುಪ್ತ ಜಾಗದಲ್ಲೂ ಸೋರಿಯಾಸಿಸ್ ಬರುತ್ತದೆ, ಅಪ್ಪ ಅವ್ವನ ಮುಂದೆ ಅದನ್ನ ಹೇಳೋದಿಲ್ಲ.