ಹಿಮಘಟ್ಟದ ಧರ್ಮಛತ್ರ

ಜನರು ಊರಿಂದೂರಿಗೆ ಕಾಲ್ನಡಿಗೆಯಲ್ಲಿ ಸಾಗುತ್ತಿದ್ದ ಕಾಲದಲ್ಲಿ, ಹೊತ್ತು ಮುಳುಗಿದಾಗ ಎಲ್ಲಿ ತಂಗುವುದು ಎಂಬುದೇ ದಾರಿಹೋಕನ ದೊಡ್ಡ ಚಿಂತೆಯಾಗಿತ್ತು. ನಮ್ಮ ನಾಡಿನ ಹಳೆಯ ದಾರಿಗಳ ಬದಿಯಲ್ಲಿ ಅರಸರೂ ಉಳ್ಳವರೂ ಕಟ್ಟಿಸಿದ ಛತ್ರ, ಅರವಟ್ಟಿಗೆ, ಕಲ್ಲುಮಂಟಪಗಳು ಈ ಚಿಂತೆಯನ್ನು ನೀಗಿಸಲೆಂದೇ ಹುಟ್ಟಿದವು. ಅಂಥ ಪುಣ್ಯಕಾರ್ಯವೊಂದು ಯುರೋಪಿನ ಆಲ್ಪ್ಸ್ ಪರ್ವತಗಳ ನಡುವೆ, ಮನುಷ್ಯವಾಸಕ್ಕೆ ತಕ್ಕುದಲ್ಲದ ಹಿಮದ ನೆಲದಲ್ಲಿ, ಸುಮಾರು ಒಂದು ಸಾವಿರ ವರ್ಷಗಳಿಂದ ನಡೆದುಬಂದಿರುವ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತವನ್ನು ಇಟಲಿಯ ಆವೋಸ್ತಾ ಕಣಿವೆಯೊಡನೆ ಕೂಡಿಸುವ ಮಹಾ ಸಂತ ಬೆರ್ನಾರ್ಡ್ ಘಟ್ಟವು ಸಮುದ್ರಮಟ್ಟದಿಂದ ಸುಮಾರು 2,470 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಐನೂರು ಮೀಟರಿಗೆ ಮಿಗಿಲಾದ ಎತ್ತರ. ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಅಲ್ಲಿ ಹಿಮವೇ ಹಾಸು, ಹಿಮವೇ ಹೊದಿಕೆ. ರೋಮನ್ನರು ಈ ದಾರಿಯನ್ನು ಬಳಸಿ, ನೆತ್ತಿಯಲ್ಲಿ ತಮ್ಮ ಜೂಪಿಟರ್ ದೇವತೆಗೆ ಗುಡಿಯೊಂದನ್ನು ಕಟ್ಟಿದ್ದರು. ಆ ಕಾರಣದಿಂದ ಮಧ್ಯಯುಗದಲ್ಲಿ ಇದಕ್ಕೆ ಮೋಂ ಜೂ, ಅಂದರೆ ಜೂಪಿಟರನ ಬೆಟ್ಟ ಎಂಬ ಹೆಸರಿತ್ತು. ರೋಮಾಪುರಿಗೆ ಹೊರಟ ಯಾತ್ರಿಕರಿಗೆ ಇದು ಮುಖ್ಯ ಮಾರ್ಗವಾಗಿತ್ತು. ಇಂಗ್ಲೆಂಡಿನ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಸಿಗೆರಿಕ್ 990ರಲ್ಲಿ ರೋಮಿನಿಂದ ಹಿಂದಿರುಗಿದಾಗ ಬರೆಯಿಸಿದ ತಂಗುದಾಣಗಳ ಪಟ್ಟಿಯಲ್ಲಿ ಈ ಘಟ್ಟದ ಎರಡೂ ಬದಿಯ ಊರುಗಳಿವೆ.

ಆ ದಾರಿಯಲ್ಲಿ ಹಿಮದಷ್ಟೇ ಭಯ ಮನುಷ್ಯರದೂ ಇತ್ತು. 10ನೆಯ ಶತಮಾನದಲ್ಲಿ ಸಾರಸೆನ್ ಪಡೆಗಳು ಆಲ್ಪ್ಸ್ ಘಟ್ಟಗಳನ್ನು ಹಿಡಿದು ಪ್ರಯಾಣಿಕರನ್ನು ಸುಲಿಯುತ್ತಿದ್ದವು. 972ರಲ್ಲಿ ಕ್ಲೂನಿ ಮಠದ ಮಠಾಧಿಪತಿ ಸಂತ ಮಯೋಲಸರೇ ಈ ಘಟ್ಟದ ಬಳಿ ಸೆರೆಸಿಕ್ಕರು. ಅವರ ಮಠದವರು ಸಾವಿರ ಪೌಂಡು ತೂಕದ ಬೆಳ್ಳಿಯನ್ನು ತೆತ್ತು ಅವರನ್ನು ಬಿಡಿಸಿಕೊಂಡರು. ಮಠಾಧಿಪತಿಗೆ ಬೆಳ್ಳಿ ತೆರುವವರಿದ್ದರು. ಬಡ ಯಾತ್ರಿಕನಿಗೆ ಯಾರಿದ್ದರು?

ಆವೋಸ್ತಾ ಧರ್ಮಕ್ಷೇತ್ರದಲ್ಲಿ ಆರ್ಚ್‌ಡೀಕನ್ ಪದವಿಯಲ್ಲಿದ್ದ ಬೆರ್ನಾರ್ಡರು ಈ ಬಡ ಯಾತ್ರಿಕನ ಪಕ್ಷ ವಹಿಸಿದರು. ಸುಮಾರು 1050ರಲ್ಲಿ ಅವರು ಘಟ್ಟದ ನೆತ್ತಿಯಲ್ಲಿಯೇ ಒಂದು ಛತ್ರವನ್ನು ಸ್ಥಾಪಿಸಿದರು. ಅದನ್ನು ಪ್ರಯಾಣಿಕರ ಪಾಲಕರಾದ ಸಂತ ನಿಕೋಲಾಸರಿಗೆ ಅರ್ಪಿಸಲಾಗಿತ್ತು. ಬೆರ್ನಾರ್ಡರ ಹೆಸರು ಸೇರಿದ್ದು ತರುವಾಯ. ಇವರನ್ನು ಕ್ಲೇರ್ವೋ ಮಠದ ಸಂತ ಬೆರ್ನಾರ್ಡರೆಂದು ಭ್ರಮಿಸಬಾರದು. ಅವರು ಮುಂದಿನ ಶತಮಾನದವರು. ನಮ್ಮ ಬೆರ್ನಾರ್ಡರು ಮದುವೆಯ ಮುನ್ನಾದಿನ ಕೋಟೆಯ ಕಿಟಕಿಯಿಂದ ಧುಮುಕಿ ಪಾರಾದರೆಂಬ ಕಥೆಯೂ ಬಹುಕಾಲದ ಮೇಲೆ ಹೆಣೆದ ಐತಿಹ್ಯ. ಅವರು ಕಟ್ಟಿದ ಮನೆಯಾದರೋ ಐತಿಹ್ಯದ ಹಂಗಿಲ್ಲದೆ ಇಂದಿಗೂ ನಿಂತಿದೆ. ಸ್ವತಃ ಪರ್ವತಾರೋಹಿಯಾಗಿದ್ದ ಜಗದ್ಗುರು ಪೋಪ್ ಹನ್ನೊಂದನೆಯ ಪಿಯುಸರು 1923ರಲ್ಲಿ ಇವರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಘೋಷಿಸಿದರು.

ಛತ್ರದ ಆಡಳಿತವು ಸಂತ ಅಗಸ್ಟೀನರ ನಿಯಮವನ್ನು ಅನುಸರಿಸುವ ಗುರುಗಳ ಕೈಗೆ ಬಂದಿತು. ಇಲ್ಲಿ ಕ್ರಿಸ್ತನನ್ನು ಆರಾಧಿಸಲಾಗುತ್ತದೆ, ಕ್ರಿಸ್ತನಿಗೆ ಉಣಬಡಿಸಲಾಗುತ್ತದೆ ಎಂಬರ್ಥದ ಲ್ಯಾಟಿನ್ ವಾಕ್ಯವೇ ಆ ಮನೆಯ ಧ್ಯೇಯ. ಮೊದಲನೆಯದು ದೇವಾಲಯದಲ್ಲಿ ನಡೆದರೆ ಎರಡನೆಯದು ಅಡುಗೆಮನೆಯಲ್ಲಿ. ಪರದೇಶಿಯನ್ನು ಒಳಗೆ ಕರೆದವನು ತನ್ನನ್ನೇ ಕರೆದಂತೆ ಎಂಬ ಪ್ರಭುವಿನ ಬೋಧನೆಯನ್ನು ಮತ್ತಾಯನ ಶುಭಸಂದೇಶದಲ್ಲಿ ಓದಿದವರಿಗೆ ಈ ಧ್ಯೇಯದ ಮೂಲ ತಿಳಿಯದಿರದು. ಬಂದವನ ಕುಲ, ದೇಶ, ಮತಗಳನ್ನು ವಿಚಾರಿಸದೆ ಅವನಿಗೆ ಬೆಂಕಿಯ ಕಾವು, ಬಿಸಿ ಊಟ, ಹಾಸಿಗೆಗಳನ್ನು ಶತಮಾನಗಳ ಕಾಲ ಉಚಿತವಾಗಿಯೇ ಕೊಡಲಾಯಿತು. ಕೊಡಬಲ್ಲವರು ದೇವಾಲಯದ ಕಾಣಿಕೆ ಪೆಟ್ಟಿಗೆಯಲ್ಲಿ ತಮಗೆ ತೋಚಿದಷ್ಟನ್ನು ಹಾಕುತ್ತಿದ್ದರು.

ಬಾಗಿಲು ತೆರೆದಿಟ್ಟರೆ ಸಾಲದು. ದಾರಿ ತಪ್ಪಿದವನು ಬಾಗಿಲವರೆಗೆ ಬರಲಾರ. ಆದುದರಿಂದ ಮರೋನಿಯೇ ಎಂದು ಕರೆಯಲ್ಪಡುವ ದಾರಿಗಾರರೂ ಗುರುಗಳೂ ಚಳಿಗಾಲದಲ್ಲಿ ಘಟ್ಟದ ದಾರಿಗಿಳಿದು ಪ್ರಯಾಣಿಕರನ್ನು ಹುಡುಕುತ್ತಿದ್ದರು. 17ನೆಯ ಶತಮಾನದ ಕೊನೆಯ ಭಾಗದಿಂದ ಪ್ರಖ್ಯಾತವಾದ ಸಂತ ಬೆರ್ನಾರ್ಡ್ ನಾಯಿಗಳೂ ಈ ಸೇವೆಗೆ ಸೇರಿದವು. 1800ರಲ್ಲಿ ಹುಟ್ಟಿ 1814ರಲ್ಲಿ ಸತ್ತ ಬ್ಯಾರಿ ಎಂಬ ನಾಯಿ ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಹೇಳುತ್ತಾರೆ. ಅದರ ಕಾಯವನ್ನು ಬೆರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ರಕ್ಷಿಸಿದ್ದಾರೆ. ಅವುಗಳ ಕೊರಳಲ್ಲಿ ನೇತಾಡುವ ಮದ್ಯದ ಪೀಪಾಯಿಯನ್ನು ಜನಪ್ರಿಯಗೊಳಿಸಿದ್ದು 1820ರಲ್ಲಿ ಲ್ಯಾಂಡ್ಸಿಯರ್ ಎಂಬ ಆಂಗ್ಲ ಕಲಾವಿದ ರಚಿಸಿದ ಚಿತ್ರ. ಉಳಿಸಲಾಗದವರ ಶವಗಳನ್ನು ಹೂಳಲು ಹೆಪ್ಪುಗಟ್ಟಿದ ನೆಲ ಎಡೆಗೊಡುತ್ತಿರಲಿಲ್ಲ. ಬಂಧುಗಳು ಬಂದು ಗುರುತಿಸಲೆಂದು ಅವನ್ನು ಪ್ರತ್ಯೇಕವಾದ ಕಲ್ಲುಮನೆಯೊಂದರಲ್ಲಿ ಇಡುತ್ತಿದ್ದರು.

ಉಚಿತವೆಂದರೆ ವೆಚ್ಚವಿಲ್ಲವೆಂದಲ್ಲ. ಅತಿಥಿ ತೆರದ ಹಣವನ್ನು ಬೇರೆ ಯಾರೋ ತೆರಬೇಕು. ಮರ ಬೆಳೆಯದ ಆ ನೆತ್ತಿಗೆ ಪ್ರತಿಯೊಂದು ಸೌದೆಯೂ ಕಾಳೂ ಕೆಳಗಿನ ಕಣಿವೆಯಿಂದಲೇ ಏರಬೇಕಾಗಿತ್ತು. ಇದಕ್ಕಾಗಿ ಯುರೋಪಿನ ನಾನಾ ಭಾಗಗಳ ಭಕ್ತರು ಭೂಮಿಯನ್ನು ದಾನ ಮಾಡಿದರು. 12ನೆಯ ಶತಮಾನದಲ್ಲಿ ಇಂಗ್ಲೆಂಡಿನ ಅರಸ ಎರಡನೆಯ ಹೆನ್ರಿ, ಲಂಡನ್ನಿನ ಸಮೀಪದ ಹಾರ್ನ್‌ಚರ್ಚ್ ಎಂಬಲ್ಲಿಯ ದೇವಾಲಯವನ್ನೂ ಜಮೀನನ್ನೂ ಈ ದೂರದ ಛತ್ರಕ್ಕೆ ಒಪ್ಪಿಸಿದನು. ಆ ಆಸ್ತಿ 1391ರಲ್ಲಿ ಮಾರಾಟವಾಯಿತು. 1752ರಲ್ಲಿ ಸಾರ್ಡೀನಿಯ ರಾಜ್ಯದೊಳಗಿದ್ದ ಭೂಮಿಗಳೂ ಛತ್ರದ ಕೈತಪ್ಪಿದವು. ಆದಾಯ ಕುಗ್ಗಿದರೂ ಬಾಗಿಲು ಮುಚ್ಚಲಿಲ್ಲ. 1800ರ ಮೇ ತಿಂಗಳಲ್ಲಿ ನೆಪೋಲಿಯನ್ ಸುಮಾರು ನಲವತ್ತು ಸಾವಿರ ಸೈನಿಕರೊಡನೆ ಘಟ್ಟವನ್ನು ದಾಟಿದಾಗಲೂ ಗುರುಗಳು ಸೈನಿಕರಿಗೆ ಆಹಾರ ಪಾನೀಯಗಳನ್ನಿತ್ತು ಸತ್ಕರಿಸಿದರು.

12ನೆಯ ಶತಮಾನದಲ್ಲಿ ಸಾಂತಿಯಾಗೊ ಯಾತ್ರಿಕರಿಗಾಗಿ ರಚಿತವಾದ ಒಂದು ಗ್ರಂಥ, ಲೋಕದಲ್ಲಿ ಬಡವರಿಗೆ ಆಸರೆಯಾದ ಮೂರು ಮಹಾ ಛತ್ರಗಳನ್ನು ಹೆಸರಿಸುತ್ತದೆ: ಜೆರುಸಲೇಮಿನದು, ಮೋಂ ಜೂ ಘಟ್ಟದ್ದು, ಪಿರೆನೀಸ್ ಪರ್ವತದ ಸೋಂಪೋರ್ ಘಟ್ಟದ ಸಂತ ಕ್ರಿಸ್ತೀನಳದು. 1187ರಲ್ಲಿ ಜೆರುಸಲೇಮ್ ಕೈಬಿಟ್ಟಾಗ ಅಲ್ಲಿಯ ಛತ್ರದವರೂ ನಗರವನ್ನು ತೊರೆದರು. ಸಂತ ಕ್ರಿಸ್ತೀನಳ ಛತ್ರದ ಸ್ಥಳದಲ್ಲಿ ಇಂದು ಪಾಳುಬಿದ್ದ ಅಡಿಗಲ್ಲುಗಳಷ್ಟೇ ಉಳಿದಿವೆ. ಮೂರರಲ್ಲಿ ತನ್ನ ಮೊದಲ ನೆಲೆಯಲ್ಲಿಯೇ ಮೊದಲ ಕೆಲಸವನ್ನು ನಡೆಸುತ್ತಿರುವುದು ಬೆರ್ನಾರ್ಡರ ಮನೆಯೊಂದೇ.

ಈ ಮನೆಯ ಗುರುಗಳು ಏಷ್ಯಾಖಂಡಕ್ಕೂ ಬಂದರು. 1930ರ ದಶಕದಲ್ಲಿ ಅವರು ಚೀನ ಮತ್ತು ಟಿಬೆಟ್ ಗಡಿಯ ಲಾತ್ಸಾ ಘಟ್ಟದಲ್ಲಿ ಇಂಥದೇ ಛತ್ರವನ್ನು ಕಟ್ಟತೊಡಗಿದರು, ಅದು ಪೂರ್ಣಗೊಳ್ಳಲಿಲ್ಲ. ಅವರಲ್ಲಿ ಒಬ್ಬರಾದ ಮೊರಿಸ್ ತೊರ್ನೇ ಗುರುಗಳು 1949ರ ಆಗಸ್ಟ್ 11ರಂದು ಆ ಸೀಮೆಯಲ್ಲಿ ಕೊಲೆಗೀಡಾದರು. ಜಗದ್ಗುರು ಎರಡನೆಯ ಜಾನ್ ಪಾಲರು 1993ರಲ್ಲಿ ಅವರಿಗೆ ಪುನೀತ ಪದವಿಯನ್ನಿತ್ತರು.

1964ರಲ್ಲಿ ಘಟ್ಟದ ಅಡಿಯಲ್ಲಿ ಸುರಂಗ ತೆರೆದ ಮೇಲೆ ವಾಹನಗಳು ವರ್ಷವಿಡೀ ಕೆಳಗಿನಿಂದಲೇ ಸಾಗುತ್ತವೆ. 2005ರಲ್ಲಿ ನಾಯಿಗಳ ಸಾಕಣೆಯನ್ನು ಮಾರ್ಟಿನಿ ಪಟ್ಟಣದ ಒಂದು ಪ್ರತಿಷ್ಠಾನಕ್ಕೆ ವಹಿಸಲಾಯಿತು. ಈಗ ಛತ್ರದಲ್ಲಿ ತಂಗುವವರು ಊಟ ವಸತಿಗೆ ಹಣ ಕೊಡುತ್ತಾರೆ. ಇನ್ನು ಈ ಮನೆಯ ಅಗತ್ಯವೇನೆಂದು ಕೇಳುವವರುಂಟು. ಚಳಿಗಾಲದಲ್ಲಿ ರಸ್ತೆ ಮುಚ್ಚಿರುವಾಗ, ಹಿಮದ ಮೇಲೆ ನಡೆದೇ ಮೇಲೇರಿ ಬರುವವರಿಗೆ ಆ ಮನೆಯಲ್ಲಿ ಈಗಲೂ ದೀಪ ಉರಿಯುತ್ತಿರುತ್ತದೆ. ಒಬ್ಬನೇ ಬಂದರೂ ಅವನಿಗಾಗಿ ಒಲೆ ಹೊತ್ತಿಸಬೇಕೆಂಬುದೇ ಅಲ್ಲಿಯ ಪರಂಪರೆ.

ಶತಮಾನೋತ್ಸವವನ್ನು ಆಚರಿಸುವ ಧರ್ಮಕೇಂದ್ರವು ತನ್ನ ಗೋಡೆ ಗೋಪುರಗಳ ವಯಸ್ಸನ್ನು ಎಣಿಸುವುದು ಸಹಜ. ಅದರ ಜೊತೆಗೆ, ಈ ನೂರು ವರ್ಷಗಳಲ್ಲಿ ಹೊತ್ತು ಮೀರಿ ಬಂದು ಬಾಗಿಲು ತಟ್ಟಿದವರಿಗೆ ನಮ್ಮಲ್ಲಿ ಎಷ್ಟು ಸಲ ಬಾಗಿಲು ತೆರೆಯಿತು ಎಂಬುದನ್ನೂ ನಾವು ವಿಚಾರಿಸಿಕೊಳ್ಳುವುದು ಒಳ್ಳೆಯದು.